ಪಕ್ಕದೂರಿನ ರನ್‌ವೇ ಬೆಳೆಯದಂತೆ ತಡೆಯಲು ನಗರಸಭೆ ಏನು ಮಾಡಬೇಕು?

ಜಕ್ಕೂರಿನ ಹಾಗೆ ಟಿಕೆಟ್ ಪ್ರಯಾಣಿಕರಿಲ್ಲದ, ತರಬೇತಿ ವಿಮಾನಗಳು ಹಾರುವ ಸಣ್ಣ ನಿಲ್ದಾಣಗಳು ಅಮೆರಿಕದಲ್ಲಿ ಸಾವಿರಾರು ಇವೆ. ಅಲ್ಲಿನವರು ಇವನ್ನು ಜನರಲ್ ಏವಿಯೇಷನ್ ನಿಲ್ದಾಣ ಎನ್ನುತ್ತಾರೆ. ಅನೇಕ ಕಡೆ ಖಾಸಗಿ ಜೆಟ್‌ಗಳೂ ಇಳಿಯುತ್ತವೆ. ರನ್‌ವೇ ಉದ್ದ ಮಾಡುತ್ತೇವೆ, ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಕಟ್ಟುತ್ತೇವೆ ಎಂಬ ಸುದ್ದಿ ಹೊರಬಿದ್ದ ಕೂಡಲೇ ನೆರೆಯ ನಗರಸಭೆ ಮಾಡುವ ಮೊದಲ ತಪ್ಪು, ವಿಮಾನ ನಿಷೇಧಿಸುವ ಕಾನೂನು ತರುವುದು.

ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಗರ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಜೆಟ್‌ಗಳ ಹಾರಾಟ ನಿಷೇಧಿಸಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅದನ್ನು ರದ್ದು ಮಾಡಿತು. ಆಕಾಶ ಕೇಂದ್ರ ಸರ್ಕಾರದ್ದು. ನಗರದ ಕೈಯಲ್ಲಿರುವುದು ನೆಲ, ಕಾಗದ ಮತ್ತು ಗಡುವು. ನಿಲ್ದಾಣ ನಗರದ್ದೇ ಆಗಿದ್ದರೂ ಕಷ್ಟವೇ. ಅದೇ ರಾಜ್ಯದ ಸಾಂಟಾ ಮೋನಿಕಾ ನಗರ 2008ರಲ್ಲಿ ವೇಗದ ಜೆಟ್‌ಗಳನ್ನು ನಿಷೇಧಿಸಿ 2011ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು.

ಮೊದಲು ಹಳೇ ಕಡತ ತೆಗೆಸಿ

ನಿಲ್ದಾಣ ಯಾರದ್ದು, ಜಾಗ ಹೇಗೆ ಬಂತು, ಕೇಂದ್ರದ ಅನುದಾನ ಕೊನೆಯದಾಗಿ ಯಾವ ವರ್ಷ ಪಡೆದದ್ದು, ಈ ಮೂರನ್ನೂ ದಾಖಲೆಯಲ್ಲೇ ನೋಡಿ. ಕಾಮಗಾರಿಗೆ ಅನುದಾನ ಪಡೆದರೆ ಷರತ್ತುಗಳು ಸಾಮಾನ್ಯವಾಗಿ 20 ವರ್ಷ ಕಟ್ಟಿಹಾಕುತ್ತವೆ. ಆ ಹಣದಲ್ಲಿ ಜಾಗ ಕೊಂಡಿದ್ದರೆ ಷರತ್ತಿಗೆ ಕೊನೆಯೇ ಇಲ್ಲ. ಸಾಂಟಾ ಮೋನಿಕಾದ ಜಗಳ, ಕೇಂದ್ರ ಸರ್ಕಾರ ನಿಲ್ದಾಣವನ್ನು ನಗರಕ್ಕೆ ಬಿಟ್ಟುಕೊಟ್ಟ 1948ರ ಹಸ್ತಾಂತರ ಪತ್ರದವರೆಗೂ ಹೋಯಿತು. 2017ರ ರಾಜಿಯಲ್ಲಿ 4,973 ಅಡಿ ಇದ್ದ ರನ್‌ವೇ 3,500 ಅಡಿಗೆ ಇಳಿಯಿತು. 2028ರ ಡಿಸೆಂಬರ್ 31ರ ನಂತರ ನಿಲ್ದಾಣವನ್ನೇ ಮುಚ್ಚಲು ನಗರಕ್ಕೆ ಅವಕಾಶ ಸಿಕ್ಕಿತು.

500 ಎಂಬ ಅಂಕಿ

ಗೆಲುವು ಸೋಲು ಬಹುಮಟ್ಟಿಗೆ ತೀರ್ಮಾನವಾಗುವುದು ನಿಲ್ದಾಣದ ಮಾಸ್ಟರ್ ಪ್ಲಾನಿನಲ್ಲಿ ಮುಂದಿನ ವರ್ಷಗಳ ಹಾರಾಟವನ್ನು ಅಂದಾಜಿಸುವ ಕೋಷ್ಟಕದಲ್ಲಿ. ದೊಡ್ಡ ವಿಮಾನದ ಅಳತೆಗೆ ರನ್‌ವೇ ಕಟ್ಟಲು ಕೇಂದ್ರದ ಹಣ ಬೇಕೆಂದರೆ, ಆ ವರ್ಗದ ವಿಮಾನಗಳು ವರ್ಷಕ್ಕೆ 500 ಬಾರಿಯಾದರೂ ಏರಿಳಿಯುತ್ತವೆಂದು ತೋರಿಸಬೇಕು. ಏರಿದ್ದು ಒಂದು, ಇಳಿದದ್ದು ಒಂದು. ಹಾಗಾಗಿ 250 ಭೇಟಿ ಸಾಕು. ನೆಲ ಮುಟ್ಟಿ ಮತ್ತೆ ಏರುವ ತರಬೇತಿ ಸುತ್ತುಗಳು ಇದಕ್ಕೆ ಸೇರುವುದಿಲ್ಲ. ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ವಿಮಾನದ ಮಾದರಿವಾರು ಹಾರಾಟದ ಲೆಕ್ಕವನ್ನು ಬಹಿರಂಗವಾಗಿಯೇ ಇಟ್ಟಿದೆ. ಅದನ್ನು ತೆಗೆದು ಕೋಷ್ಟಕದ ಪಕ್ಕಕ್ಕಿಟ್ಟು ತಾಳೆ ನೋಡಿ. ವಿಮಾನಗಳನ್ನು ನಿಯಂತ್ರಿಸುವ ಟವರ್ ರಾತ್ರಿ ಮುಚ್ಚುವ ಕಡೆ ಟವರಿನ ಲೆಕ್ಕದಲ್ಲಿ ರಾತ್ರಿಯ ವಿಮಾನಗಳಿರುವುದಿಲ್ಲ, ಎಚ್ಚರ. ಕೋಷ್ಟಕಕ್ಕೆ ಎಫ್‌ಎಎ ಒಪ್ಪಿಗೆ ಬಿದ್ದ ಮೇಲೆ ಪ್ರಶ್ನಿಸಿದರೆ ಕೇಳುವವರು ಕಡಿಮೆ. ನಗರದ ಎಂಜಿನಿಯರನ್ನು ಕರಡಿನ ಹಂತದಲ್ಲೇ ಕಳಿಸಿ.

ಸದ್ದಿನ ಲೆಕ್ಕ

ಸದ್ದನ್ನು ಅಳೆಯುವುದು ಡಿಎನ್‌ಎಲ್ ಎಂಬ ವಾರ್ಷಿಕ ಸರಾಸರಿಯಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 7ರ ಹಾರಾಟಕ್ಕೆ 10 ಡೆಸಿಬೆಲ್ ಕೂಡಿಸುತ್ತಾರೆ, ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ಮನೆ, ಶಾಲೆ ಇರುವಲ್ಲಿ ಸದ್ದು ಯೋಜನೆಯಿಂದ 1.5 ಡೆಸಿಬೆಲ್ ಅಥವಾ ಹೆಚ್ಚು ಏರಿ, 65 ಅಥವಾ ಅದಕ್ಕೂ ಮೇಲಿದ್ದರೆ ಮಾತ್ರ ಗಣನೀಯ ಪರಿಣಾಮ ಎನ್ನುತ್ತಾರೆ. ಅದೇ ವಿಮಾನ, ಅದೇ ಹೊತ್ತು ಎಂದುಕೊಂಡರೆ 1.5 ಏರಲು ಹಾರಾಟ ಶೇ 41ರಷ್ಟು ಹೆಚ್ಚಬೇಕು! ಸರಾಸರಿ ಹೀಗೆ ಎಲ್ಲವನ್ನೂ ನುಂಗಿಬಿಡುತ್ತದೆ. ಆದ್ದರಿಂದ ಒಂದು ಮಟ್ಟ ಮೀರಿದ ಸದ್ದು ದಿನಕ್ಕೆ ಎಷ್ಟು ಸಲ ಕೇಳುತ್ತದೆ ಎಂಬ ಎಣಿಕೆಯನ್ನೂ ಯೋಜನೆಯ ಪರಿಸರ ವರದಿಯಲ್ಲಿ ಸೇರಿಸಿ ಎಂದು ಲಿಖಿತವಾಗಿ ಕೇಳಿ. ಒಂದೇ ಮನೆಯಿಂದ ಸಾವಿರ ದೂರು ಹೋದರೆ ಅದು ಒಂದು ಮನೆಯ ದೂರಾಗಿಯೇ ಉಳಿಯುತ್ತದೆ.

ಇಷ್ಟರೊಳಗೆ ನಗರದ ಅಭಿವೃದ್ಧಿ ಯೋಜನೆಯನ್ನೂ ತಿದ್ದಿಕೊಳ್ಳಿ. ಅನುದಾನ ಕೊಡುವ ಮುನ್ನ ಕಾಮಗಾರಿ ಸ್ಥಳೀಯ ಯೋಜನೆಗಳಿಗೆ ಹೊಂದುತ್ತದೆಯೇ ಎಂದು ಎಫ್‌ಎಎ ನೋಡಬೇಕೆಂಬುದು ಕಾನೂನು. ವಿಮಾನದ ದಾರಿಯ ಕೆಳಗೇ ಬಡಾವಣೆಗೆ ಅನುಮತಿ ಕೊಟ್ಟ ನಗರಸಭೆ ಆಮೇಲೆ ಸದ್ದೆಂದು ಗೋಳಾಡಿದರೆ ಆ ಅನುಮತಿ ಪತ್ರವನ್ನೇ ಎದುರಿಗೆ ಹಿಡಿಯುತ್ತಾರೆ.

ಗಡುವು

ಪರಿಸರ ವರದಿಯ ಕರಡಿನ ಮೇಲೆ ಅಭಿಪ್ರಾಯ ಕೊಡುವಾಗ ಪುಟ, ಕೋಷ್ಟಕದ ಸಂಖ್ಯೆ ಸಹಿತ ಬರೆಯಿರಿ. ಆಗ ಎತ್ತದ ವಿಷಯವನ್ನು ಮುಂದೆ ನ್ಯಾಯಾಲಯದಲ್ಲಿ ಎತ್ತುವುದು ಕಷ್ಟ. ಎಫ್‌ಎಎ ಅಂತಿಮ ಆದೇಶ ಹೊರಡಿಸಿದ 60 ದಿನದೊಳಗೆ ನೇರವಾಗಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬೇಕು. 2025ರ ಮೇ ತಿಂಗಳಲ್ಲಿ ಒಂದು ರೈಲು ಮಾರ್ಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಸರ ವರದಿಗಳ ವಿಷಯದಲ್ಲಿ ಇಲಾಖೆಗಳ ತೀರ್ಮಾನಕ್ಕೆ ಹೆಚ್ಚು ಮನ್ನಣೆ ಕೊಡಿ ಎಂದಿರುವುದರಿಂದ ಆ ದಾರಿ ಈಗ ಇನ್ನೂ ಕಿರಿದು.

ರಾಜ್ಯದ ಕಾನೂನು ಕೆಲವೊಮ್ಮೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಬಾಸ್ಟನ್ ಬಳಿಯ ಹ್ಯಾನ್ಸ್‌ಕಮ್ ಫೀಲ್ಡ್‌ನಲ್ಲಿ ಜೆಟ್ ಹ್ಯಾಂಗರ್‌ಗಳ ಯೋಜನೆ ಬಂದಾಗ ಬೆಡ್‌ಫರ್ಡ್, ಕಾನ್ಕರ್ಡ್, ಲೆಕ್ಸಿಂಗ್ಟನ್, ಲಿಂಕನ್ ಊರುಗಳಿಂದ ಬಲವಾದ ವಿರೋಧ ಬಂತು. 2024ರ ಜೂನ್‌ನಲ್ಲಿ ರಾಜ್ಯದ ಪರಿಸರ ಕಾರ್ಯದರ್ಶಿ, ಕರಡು ವರದಿ ಸಾಲದು ಎಂದು ವಾಪಸ್ ಕಳಿಸಿದರು.

ಸಂಧಾನದ ಬಾಗಿಲನ್ನೂ ತೆರೆದಿಡಿ. ರಾತ್ರಿ ಹಾರಾಟ ಬೇಡ, ಸುತ್ತು ಹಾಕುವ ದಾರಿ ಶಾಲೆಯ ಮೇಲೆ ಬೇಡ ಎಂಬುದಕ್ಕೆ ಹಾರಾಟ ಶಾಲೆಗಳು ತಾವಾಗಿ ಒಪ್ಪಬಹುದು. ಸಹಿ ಹಾಕದವರಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ, ನಿಲ್ದಾಣದ ಪ್ರತಿಯೊಂದು ಹಾರಾಟ ಶಾಲೆಯ ಸಹಿಯನ್ನೂ ಬೇರೆಬೇರೆಯಾಗಿ ಪಡೆಯಿರಿ.