ಒಳ್ಳೆಯ ಚೀಲ ಯಾರಿಗೆ ಹೋಗುತ್ತದೆ?

ಕುಶಾಲನಗರದ ಸಮೀಪ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಯಲ್ಲಿ, ನಾನು ಮೇಲ್ವಿಚಾರಕಿಯಾಗಿ ಸೇರಿದ್ದು 2014ರ ಜನವರಿಯಲ್ಲಿ. ತೋಟಗಳಲ್ಲಿ ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಆಗಷ್ಟೇ ಶುರುವಾಗಿತ್ತು. ಅರೇಬಿಕಾ ಚೀಲಗಳು ಅದಕ್ಕೂ ಮೊದಲೇ ಬಂದು ಗೋದಾಮಿನ ಸೂರು ಮುಟ್ಟಿದ್ದವು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು ಎಂದು ಓದಿದ್ದೆನಾದರೂ ಅದರ ಭಾರ ಕಣ್ಣಿಗೆ ಬಿದ್ದದ್ದು ಅಂದೇ. ನನ್ನ ಪಾಲಿಗೆ ಬಂದದ್ದು ಬೀಜ ಹೆಕ್ಕುವ ವಿಭಾಗ. 32 ಹೆಂಗಸರು. ಹೆಚ್ಚಿನವರು ನನಗಿಂತ ಹಿರಿಯರು, ಕೆಲವರು ನಾನು ಹುಟ್ಟುವ ಮೊದಲೇ ಈ ಕೆಲಸಕ್ಕೆ ಕುಳಿತವರು. ಮಾತಿನಲ್ಲಿ ಕನ್ನಡ, ತಮಿಳು, ಮಲಯಾಳಂ, ಅರೆಭಾಷೆ ಎಲ್ಲವೂ ಬೆರೆಯುತ್ತಿತ್ತು.

ಈ ಕೆಲಸ ಕಾಣದವರಿಗಾಗಿ ಎರಡು ಮಾತು. ತೋಟದಿಂದ ಬಂದ ಒಣ ಚೆರ್ರಿಯ (ಇಡಿಯಾಗಿ ಒಣಗಿಸಿದ ಕಾಫಿ ಹಣ್ಣಿನ) ಸಿಪ್ಪೆಯನ್ನೂ ಪಾರ್ಚ್‌ಮೆಂಟಿನ (ತಿರುಳು ತೆಗೆದು ಒಣಗಿಸಿದ ಬೀಜದ) ಹೊಟ್ಟನ್ನೂ ಯಂತ್ರ ಕಳಚುತ್ತದೆ. ಜರಡಿಗಳು ಬೀಜವನ್ನು ಗಾತ್ರದ ಪ್ರಕಾರ ಬೇರ್ಪಡಿಸುತ್ತವೆ. ಕಾಯಿಯೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ, ಅಂದರೆ ಪೀಬೆರಿ, ಪ್ರತ್ಯೇಕವಾಗುತ್ತದೆ. ಅಲ್ಲಿಂದ ಮುಂದೆ ಕಣ್ಣಿನ ಕೆಲಸ. ಕಪ್ಪು ಬೀಜ, ಕಂದು ಬೀಜ, ಒಡೆದ ಚೂರು, ಕಾಯಿಕೊರಕ ಹುಳು ತೂತು ಮಾಡಿದ ಬೀಜ, ಹುಳಿತು ನಾರುವ ಬೀಜ ಇವನ್ನೆಲ್ಲ ಕೈಯಿಂದ ಹೆಕ್ಕಿ ತೆಗೆಯಬೇಕು. ನಾರುವ ಬೀಜ ಬೆರಳೆಣಿಕೆಯಷ್ಟು ಉಳಿದರೂ ಸಾಕು, ಲೋಟದ ಕಾಫಿ ಕೆಡುತ್ತದೆ. ಖರೀದಿದಾರರು ಸ್ಯಾಂಪಲ್ ನೋಡಿ ಇಡೀ ಲಾಟನ್ನು, ಅಂದರೆ ಒಟ್ಟಿಗೆ ಕಳುಹಿಸಿದ ಸರಕನ್ನೆಲ್ಲ, ತಿರುಗಿಸಿ ಕಳುಹಿಸಬಹುದು.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಗೋಡೆಗೆ ಒಂದು ಬೋರ್ಡು ಹಾಕಿಸಿ, ಯಾರ ಚೀಲದಲ್ಲಿ ಎಷ್ಟು ಕೆಟ್ಟ ಬೀಜ ಉಳಿದಿತ್ತು ಎಂದು ಪ್ರತಿ ಸಂಜೆ ಕೆಂಪು ಸೀಮೆಸುಣ್ಣದಲ್ಲಿ ಹೆಸರು ಸಮೇತ ಬರೆದೆ. ಅತಿ ಹೆಚ್ಚು ಚೀಲ ಮುಗಿಸಿದವರಿಗೆ ಯುಗಾದಿಗೆ ಸ್ಟೀಲ್ ಡಬರಿ ಎಂದು ಘೋಷಿಸಿದೆ. ಸ್ಪರ್ಧೆ ಇದ್ದರೆ ಹುರುಪು ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಎರಡೇ ವಾರದಲ್ಲಿ ಹಾಲ್ ಮೌನವಾಯಿತು. ಅದುವರೆಗೆ "ಮೇಡಂ, ಇದು ಕಂದೋ ಅಲ್ಲವೋ ನೋಡಿ" ಎಂದು ಅಂಗೈಯಲ್ಲಿ ಬೀಜ ಹಿಡಿದು ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಸಂಶಯ ಬಂದ ಬೀಜ ಚೀಲದೊಳಗೇ ಹೋಯಿತು. ಮರುಹೆಕ್ಕಿಗೆ ವಾಪಸು ಬರುವ ಚೀಲಗಳು ಕಡಿಮೆಯಾಗುವ ಬದಲು ಹೆಚ್ಚಾದವು. ನಾನು ಇನ್ನಷ್ಟು ಗಟ್ಟಿಯಾಗಿ ಬೈದೆ.

ಅವರಲ್ಲಿ ಕೂಡಿಗೆ ಕಡೆಯಿಂದ ಬರುತ್ತಿದ್ದ ಹಿರಿಯರೊಬ್ಬರಿದ್ದರು. ಹೆಸರು ಬೇಡ ಎಂದಿದ್ದಾರೆ. ನಾವೆಲ್ಲ ಅಕ್ಕ ಎಂದೇ ಕರೆಯುವುದು. ಮಾರ್ಚ್‌ನ ಒಂದು ಬಟವಾಡೆಯ ದಿನ ಎಲ್ಲರೂ ಹೋದ ಮೇಲೆ ಅವರು ಬಾಗಿಲ ಬಳಿ ನಿಂತು ಕೇಳಿದರು: "ಮೇಡಂ, ಬೋರ್ಡಿನಲ್ಲಿ ಹೆಸರು ಬರೆಯುತ್ತೀರಿ, ಸರಿ. ಒಳ್ಳೆಯ ಚೀಲ ಯಾರಿಗೆ ಹೋಗುತ್ತದೆ, ಕೆಟ್ಟ ಚೀಲ ಯಾರಿಗೆ ಹೋಗುತ್ತದೆ ಎಂದು ಒಂದು ದಿನವಾದರೂ ನೋಡಿದ್ದೀರಾ?"

ನೋಡಿರಲಿಲ್ಲ. ನಮ್ಮಲ್ಲಿ ಕೂಲಿ ಚೀಲದ ಲೆಕ್ಕ. ಆದರೆ ಎಲ್ಲ ಚೀಲವೂ ಒಂದೇ ಅಲ್ಲ. ಚೆನ್ನಾಗಿ ಹಣ್ಣಾದದ್ದನ್ನೇ ಕೊಯ್ದು, ಕಣದಲ್ಲಿ ಸರಿಯಾಗಿ ಒಣಗಿಸಿದ ತೋಟದ ಚೀಲದಲ್ಲಿ ಹೆಕ್ಕಲು ಹೆಚ್ಚೇನೂ ಇರುವುದಿಲ್ಲ. ಒಣಗುವಾಗ ಮಳೆಗೆ ಸಿಕ್ಕ, ಹಸಿರು ಕಾಯಿ ಬೆರೆತ ಕಾಫಿಯ ಒಂದು ಚೀಲಕ್ಕೆ ಇಡೀ ದಿನ ಹೋದರೂ ಹೋಯಿತು. ನಾಲ್ಕು ದಿನ ಗೋದಾಮಿನ ಬಾಗಿಲಲ್ಲಿ ನಿಂತು ಗಮನಿಸಿದೆ. ಚೀಲ ಇಳಿಸಿ ಹಂಚುತ್ತಿದ್ದ ಹುಡುಗ ಒಳ್ಳೆಯ ಚೀಲಗಳನ್ನು ಬಾಗಿಲ ಹತ್ತಿರದ ಆರೇಳು ಮಂದಿಗೇ ಕೊಡುತ್ತಿದ್ದ. ಅವನಲ್ಲಿ ಕೆಟ್ಟ ಉದ್ದೇಶವೂ ಇರಲಿಲ್ಲ. ಸಂಜೆಯೊಳಗೆ ಲಾರಿ ತುಂಬಿಸಬೇಕೆಂಬ ಒತ್ತಡ ಅವನ ಮೇಲಿತ್ತು. ಬೇಗ ಮುಗಿಸುವವರಿಗೆ ಬೇಗ ಮುಗಿಯುವ ಚೀಲ ಕೊಡುತ್ತಿದ್ದ. ನನ್ನ ಸ್ಟೀಲ್ ಡಬರಿ ಯಾರ ಮನೆಗೆ ಹೋಗಬೇಕೆಂಬುದು ಗೋದಾಮಿನ ಬಾಗಿಲಲ್ಲೇ ತೀರ್ಮಾನವಾಗಿಬಿಟ್ಟಿತ್ತು. ಅದು ಮೂಲೆಯಲ್ಲಿ ಕುಳಿತವರಿಗೆಲ್ಲ ಮೊದಲ ದಿನದಿಂದ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಎಲ್ಲರ ಎದುರಿಗೆ ಬೋರ್ಡನ್ನು ನಾನೇ ಇಳಿಸಿ, ನನ್ನಿಂದ ಅನ್ಯಾಯವಾಗಿದೆ ಎಂದು ಹೇಳಿದೆ. ಆ ಮಾತು ಆಡುವಾಗ ಗಂಟಲು ಕಟ್ಟಿತ್ತು.

ಬದಲಾವಣೆಗೆ ಮಾತ್ರ ಸಮಯ ಹಿಡಿಯಿತು. ಹಂಚುವ ಮೊದಲು ಪ್ರತಿ ಚೀಲದಿಂದ 300 ಗ್ರಾಂ ತೆಗೆದು ಕೆಟ್ಟ ಬೀಜ ತೂಗಿ, ಹಗುರ, ನಡು, ಭಾರ ಎಂದು ಮೂರು ಗುರುತು ಹಾಕಿದೆವು. ಗುರುತು ಹಾಕುವ ಕೆಲಸಕ್ಕೆ ವಾರಕ್ಕೆ ಇಬ್ಬರಂತೆ ಹೆಂಗಸರೇ ಸರದಿಯಲ್ಲಿ ಕುಳಿತರು. ಭಾರದ ಚೀಲಕ್ಕೆ ಹೆಚ್ಚು ಕೂಲಿ ಬೇಕು ಎಂದಾಗ ಮಾಲೀಕರು ಒಪ್ಪಲಿಲ್ಲ. ನಾನು ವಾದ ಮಾಡದೆ ಒಂದು ತಿಂಗಳು ಲೆಕ್ಕ ಇಟ್ಟೆ: ಎಷ್ಟು ಚೀಲ ಮರುಹೆಕ್ಕಿಗೆ ಬಂತು, ಅದಕ್ಕೆ ಎರಡನೇ ಸಲ ಎಷ್ಟು ಕೂಲಿ ಹೋಯಿತು, ಲಾರಿ ಎಷ್ಟು ಹೊತ್ತು ಕಾದಿತು. ಕೇಳಿದ ಹೆಚ್ಚುವರಿ ಕೂಲಿಗಿಂತ ಆ ಮೊತ್ತ ದೊಡ್ಡದಿತ್ತು. ಕಾಗದ ನೋಡಿದ ಮೇಲೆ ಅವರು ಒಂದು ಹಂಗಾಮಿನ ಮಟ್ಟಿಗೆ ಒಪ್ಪಿದರು. ಮುಂದಿನ ವರ್ಷ ಮರುಹೆಕ್ಕಿಗೆ ಬಂದ ಚೀಲಗಳು ಅರ್ಧಕ್ಕಿಂತ ಕೆಳಗಿಳಿದವು. ಮತ್ತೆ ಆ ಪ್ರಶ್ನೆ ಏಳಲಿಲ್ಲ.

ಅಂದಿನಿಂದ ದಿನಕ್ಕೆ 20 ನಿಮಿಷ, ಬೆಳಿಗ್ಗೆ ಬೇರೆ ಬೇರೆ ಮೇಜಿನಲ್ಲಿ, ಅವರ ಜೊತೆ ಕುಳಿತು ಬೀಜ ಹೆಕ್ಕುವ ಅಭ್ಯಾಸ ಮಾಡಿಕೊಂಡೆ. ಮೇಲ್ವಿಚಾರಣೆ ಮಾಡುವ ಯಾರಿಗಾದರೂ ನಾನು ಒತ್ತಿ ಹೇಳುವುದು ಇದೊಂದನ್ನೇ. ನಿಂತು ನೋಡುವಾಗ ಕಾಣದ್ದು ಕುಳಿತಾಗ ಕಾಣುತ್ತದೆ. ಮಧ್ಯಾಹ್ನದ ನಂತರ ತಪ್ಪು ಹೆಚ್ಚುವುದು ಊಟದ ಮಂಪರಿನಿಂದ ಎಂದು ನಾನು ತಿಳಿದಿದ್ದೆ. ಒಂದು ದಿನ ಬೆಳಗಿನ ಸರದಿ ತಪ್ಪಿ ಮೂರು ಗಂಟೆಗೆ ಕುಳಿತೆ. ಪಶ್ಚಿಮದ ಕಿಟಕಿಯಿಂದ ಹಳದಿ ಬಿಸಿಲು ನೇರ ಮೇಜಿಗೆ ಬೀಳುತ್ತಿತ್ತು. ಕಂದು ಬೀಜವೂ ಒಳ್ಳೆಯ ಬೀಜವೂ ಒಂದೇ ಬಣ್ಣ! ಮಳೆಗಾಲದಲ್ಲಿ ಮೋಡ ಕವಿದಾಗ ಅದಕ್ಕಿಂತ ಕಷ್ಟ. ಟ್ಯೂಬ್‌ಲೈಟ್ ಬೇಕೆಂದು ಅವರು ನನಗಿಂತ ಮೊದಲಿದ್ದವರಿಗೆ ಎಷ್ಟೋ ಸಲ ಹೇಳಿದ್ದರಂತೆ. ಕಿಟಕಿಗೆ ಪರದೆ, ಪ್ರತಿ ಮೇಜಿನ ಮೇಲೆ ಬಿಳಿ ದೀಪ ಬಂದವು. ಖರ್ಚು ದೊಡ್ಡದೇನಲ್ಲ. ತಾವು ಹೇಳಿದ ಮಾತು ದೀಪವಾಗಿ ತಲೆಯ ಮೇಲೆ ಉರಿಯುವುದನ್ನು ಕಂಡ ಮೇಲೆ ಅವರು ಬೇರೆ ವಿಷಯಗಳನ್ನೂ ಹೇಳತೊಡಗಿದರು.

ತಪ್ಪಾದರೆ ಅವರನ್ನು ಪಕ್ಕಕ್ಕೆ ಕರೆದು, ಅದೇ ದಿನ, ಬೀಜವನ್ನು ಕೈಯಲ್ಲಿಟ್ಟು ತೋರಿಸುತ್ತೇನೆ. ಹೊಗಳಿಕೆಯನ್ನು ಎಲ್ಲರೆದುರು, ಆದರೆ "ಚೆನ್ನಾಗಿ ಮಾಡಿದಿರಿ" ಎಂದಷ್ಟೇ ಹೇಳುವುದಿಲ್ಲ. "ಆ ಲಾಟಿನಲ್ಲಿ ನಾರುವ ಬೀಜ ಮೊದಲು ಹಿಡಿದವರು ಇವರು, ಅದು ಹಾಗೇ ಹೋಗಿದ್ದರೆ ಲಾಟು ವಾಪಸು ಬರುತ್ತಿತ್ತು" ಎಂದು ಹೇಳುತ್ತೇನೆ. ಲಾಟಿನ ಗುಣಮಟ್ಟದ ಫಲಿತಾಂಶ ಬಂದ ದಿನ ಹಾಲಿನಲ್ಲೇ ಓದುತ್ತೇನೆ. ವರ್ಷಗಟ್ಟಲೆ ಹೆಕ್ಕಿದವರಿಗೆ ತಮ್ಮ ಕಾಫಿ ಹಡಗು ಹತ್ತಿ ಇಟಲಿಗೆ ಹೋಗುತ್ತದೆ ಎಂದೂ ಯಾರೂ ಹೇಳಿರಲಿಲ್ಲ.

ಒಂದು ನೋಟ್‌ಬುಕ್ಕೂ ಇದೆ. ಯಾರು ಎಲ್ಲಿಂದ ಬರುತ್ತಾರೆ, ಯಾವ ಬಸ್ಸು, ಮನೆಯಲ್ಲಿ ಯಾರಿದ್ದಾರೆ, ಮಕ್ಕಳ ಪರೀಕ್ಷೆ ಯಾವಾಗ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಗುಡ್ಡಗಳು ಕುಸಿದು, ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಆ ನೋಟ್‌ಬುಕ್ ಹಿಡಿದು ಒಬ್ಬೊಬ್ಬರಿಗೂ ಫೋನು ಮಾಡಿದೆ. ಕೆಲಸಕ್ಕೆ ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ಇಬ್ಬರ ಮನೆಯೊಳಗೆ ಕೆಸರು ತುಂಬಿತ್ತು. ಯಾರೂ ಹೇಳದೆಯೇ ಹದಿನಾಲ್ಕು ಮಂದಿ ಹಾರೆ, ಬುಟ್ಟಿ ಹಿಡಿದು ಅಲ್ಲಿಗೆ ಬಂದರು. ಸ್ಟೀಲ್ ಡಬರಿಗಾಗಿ ಒಬ್ಬರನ್ನೊಬ್ಬರು ನೋಡಲಾರದೆ ಕುಳಿತಿದ್ದ ಹೆಂಗಸರೂ ಅವರಲ್ಲಿದ್ದರು.

ಇಷ್ಟೆಲ್ಲ ಕಲಿತ ಮೇಲೂ ದೊಡ್ಡ ತಪ್ಪೊಂದನ್ನು ಮಾಡಿದೆ. ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬರುತ್ತದೆಂದು ನನಗೆ ಆರು ವಾರ ಮುಂಚೆಯೇ ತಿಳಿದಿತ್ತು. ಎಷ್ಟು ಮಂದಿಯ ಕೆಲಸ ಉಳಿಯುತ್ತದೆ ಎಂದು ಖಚಿತವಾದ ಮೇಲೆ ಹೇಳೋಣ ಎಂದು ಸುಮ್ಮನಿದ್ದೆ. ಅವರಿಗೆ ಸುದ್ದಿ ಸಿಕ್ಕಿದ್ದು ಲಾರಿ ಚಾಲಕನ ಬಾಯಿಂದ. ಅಂದು ಅಕ್ಕ ನನ್ನ ಹತ್ತಿರ ಬಂದು, "ಕೆಸರಿನಲ್ಲಿ ನಮ್ಮ ಜೊತೆ ನಿಂತಿದ್ದೆ ಅಲ್ಲವಾ ಮಗಳೇ, ಇದನ್ನು ಏಕೆ ಮುಚ್ಚಿಟ್ಟೆ?" ಎಂದರು. ಮೇಡಂ ಎನ್ನಲಿಲ್ಲ. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಹಾಲಿನಲ್ಲಿ ನಿಂತು, ನನಗೆ ತಿಳಿದದ್ದು ಇಷ್ಟು, ಇನ್ನೂ ತಿಳಿಯದ್ದು ಇಷ್ಟು ಎಂದು ಹೇಳತೊಡಗಿದೆ. ಕೆಟ್ಟ ಸುದ್ದಿಯನ್ನೂ.

ಯಂತ್ರ ಬಂತು. 11 ಮಂದಿಯ ಕೆಲಸ ಹೋಯಿತು. ಅದನ್ನು ನಾನು ತಡೆಯಲಾಗಲಿಲ್ಲ. ಐವರಿಗೆ ಪ್ಯಾಕಿಂಗ್‌ನಲ್ಲಿ ಜಾಗ ಕೊಡಿಸಿದೆ, ಮೂವರು ತೋಟದ ಕೆಲಸಕ್ಕೆ ಹೋದರು, ಮೂವರು ಎಲ್ಲಿಗೂ ಹೋಗಲಿಲ್ಲ. ಅವರಲ್ಲೊಬ್ಬರು ಸಂತೆಯಲ್ಲಿ ಸಿಗುತ್ತಾರೆ. ಮಾತನಾಡಿಸುತ್ತಾರೆ, ಮೊದಲಿನಷ್ಟು ಅಲ್ಲ.

ಯಂತ್ರ ಶುರುವಿನಲ್ಲಿ ಕೆಟ್ಟ ಬೀಜದ ಜೊತೆ ಒಳ್ಳೆಯದನ್ನೂ ಹೊರಗೆ ಎಸೆಯುತ್ತಿತ್ತು. ಅದನ್ನು ಹೊಂದಿಸಲು ಬಂದ ತಂತ್ರಜ್ಞ ಎರಡು ದಿನ ಪರದೆಯ ಮುಂದೆ ಕುಳಿತ. ಮೂರನೆಯ ದಿನ ನಾನು ಅಕ್ಕನನ್ನು ಕರೆದುಕೊಂಡು ಹೋದೆ. ಅವರು ಹೊರಬಿದ್ದ ರಾಶಿಯಿಂದ ಒಂದು ಹಿಡಿ ತೆಗೆದು, ತಟ್ಟೆಯಲ್ಲಿ ಎರಡು ಗುಂಪು ಮಾಡಿ, "ಇದು ಹಳೆಯ ಬೆಳೆ, ಬಣ್ಣ ಮಾತ್ರ ಮಾಸಿದೆ. ಇದು ನಿಜವಾಗಿ ಕೆಟ್ಟದ್ದು" ಎಂದು ತೋರಿಸಿದರು. ತಂತ್ರಜ್ಞ ಆ ತಟ್ಟೆಯನ್ನೇ ಮುಂದಿಟ್ಟುಕೊಂಡು ಯಂತ್ರವನ್ನು ಹೊಂದಿಸಿದ. ಈಗ ಪ್ರತಿ ಹೊಸ ಲಾಟು ಬಂದಾಗ ಮೊದಲ ತಟ್ಟೆ ಅವರ ಮೇಜಿಗೆ ಹೋಗುತ್ತದೆ, ಅದಕ್ಕೆ ಬೇರೆ ಕೂಲಿ ಇದೆ. ಬೆಳಗಿನ ನನ್ನ 20 ನಿಮಿಷವೂ ಹೆಚ್ಚಾಗಿ ಅಲ್ಲೇ ಕಳೆಯುತ್ತದೆ. ನನ್ನ ಕೈ ಇನ್ನೂ ಅವರಷ್ಟು ಚುರುಕಾಗಿಲ್ಲ.