ತಟ್ಟಿ ನೋಡಿ ಕೊಂಡ ಮೆಕ್ಸಿಕೊ ಮಡಕೆಗಳು

ನಾನು ಕೊಂಡ ಮೊದಲ ಮೆಕ್ಸಿಕೊ ಮಡಕೆಯ ವಯಸ್ಸೇ ಸುಳ್ಳು. ಕನ್ನಡಿಯಂತೆ ಹೊಳೆಯುವ ಕಪ್ಪು ಹೂದಾನಿ ಅದು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಬಂದು ಆರು ತಿಂಗಳಾಗಿತ್ತು. ಇಲ್ಲಿ ಶನಿವಾರ ಬೆಳಿಗ್ಗೆ 'ಎಸ್ಟೇಟ್ ಸೇಲ್' ಅಂತ ನಡೆಯುತ್ತೆ. ಮನೆಯ ಹಿರಿಯರು ತೀರಿಕೊಂಡರೆ, ಚಮಚದಿಂದ ಹಿಡಿದು ಮಂಚದವರೆಗೆ ಎಲ್ಲಕ್ಕೂ ಚೀಟಿ ಅಂಟಿಸಿ ಮಾರುತ್ತಾರೆ. ಮೊದಮೊದಲು ಸತ್ತವರ ಮನೆಗೆ ಹೋಗಿ ಪಾತ್ರೆ ಕೊಳ್ಳೋದೇ ಒಂಥರಾ ಅನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಆ ಹೂದಾನಿಯ ಚೀಟಿಯಲ್ಲಿ '1920, ಅಜ್ಜಿಯದು' ಎಂದಿತ್ತು. 85 ಡಾಲರ್ ಕೊಟ್ಟೆ. ಮನೆಗೆ ತಂದು ಪಕ್ಕದ ಮನೆಯವರಿಗೆ ತೋರಿಸಿದೆ. ಅವರ ತವರು ಮೆಕ್ಸಿಕೊದ ಓಹಾಕಾ. ಅವರು ಬೆರಳಲ್ಲಿ ಸವರಿ ನಕ್ಕರು. "ಇಷ್ಟು ಹೊಳಪಿದ್ದರೆ ಇದು 1920ರದ್ದಲ್ಲ" ಎಂದರು.

ಕಾರಣ ಸರಳ. ಓಹಾಕಾ ನಗರದ ಹತ್ತಿರದ ಸಾನ್ ಬಾರ್ತೊಲೊ ಕೊಯೊತೆಪೆಕ್ ಎಂಬ ಊರಿನಲ್ಲಿ ಕಪ್ಪು ಮಡಕೆ ಮಾಡುವುದು ತುಂಬ ಹಳೆಯ ಕಸುಬು. ಆದರೆ ಹಿಂದೆ ಅವು ಮಂಕು ಬೂದು ಬಣ್ಣದವು, ಗಟ್ಟಿಮುಟ್ಟು. ಮೆಸ್ಕಾಲ್ ಎಂಬ ಹೆಂಡವನ್ನು ಅವುಗಳಲ್ಲೇ ತುಂಬಿ ಸಾಗಿಸುತ್ತಿದ್ದರು. 1950ರ ದಶಕದಲ್ಲಿ ಆ ಊರಿನ ರೋಸಾ ರಿಯಾಲ್ ಎಂಬ ಕುಂಬಾರಗಿತ್ತಿ, ಎಲ್ಲರ ಬಾಯಲ್ಲಿ ದೊನ್ಯಾ ರೋಸಾ, ಒಂದು ಉಪಾಯ ಕಂಡುಕೊಂಡರು. ಮಡಕೆ ಪೂರ್ತಿ ಒಣಗುವ ಮೊದಲೇ ಸ್ಫಟಿಕದ ಕಲ್ಲಿನಿಂದ ಉಜ್ಜುವುದು, ಆಮೇಲೆ ಕಡಿಮೆ ಬೆಂಕಿಯಲ್ಲಿ ಸುಡುವುದು. ಹಾಗೆ ಮಾಡಿದರೆ ಕರಿ ಹೊಳಪು ಬರುತ್ತೆ. ಆದರೆ ಮಡಕೆ ಅಷ್ಟು ಗಟ್ಟಿ ಇರುವುದಿಲ್ಲ, ನೀರೂ ಜಿನುಗುತ್ತೆ. ಅಂದರೆ ಅಡುಗೆಮನೆಯ ಮಡಕೆ ಶೋಕೇಸಿಗೆ ಬಂತು. ಪ್ರವಾಸಿಗರಿಗೆ ಬೇಕಾಗಿದ್ದೂ ಅದೇ.

ಹಾಗಾಗಿ ಓಹಾಕಾದ ಮಿರಿಮಿರಿ ಮಿಂಚುವ ಕಪ್ಪು ಮಡಕೆಯನ್ನು ಯಾರಾದರೂ ನೂರು ವರ್ಷ ಹಳೆಯದು ಅಂದರೆ ನಕ್ಕು ಮುಂದೆ ಹೋಗಿ. ಆ ಹೂದಾನಿ ಈಗಲೂ ನಮ್ಮ ಬಚ್ಚಲುಮನೆ ಕಿಟಕಿಯ ಮೇಲಿದೆ. ಕಂಡಾಗಲೆಲ್ಲ 85 ಡಾಲರ್ ನೆನಪಾಗುತ್ತೆ.

ಆಮೇಲೆ ಒಂದು ವರ್ಷ ಏನೂ ಕೊಳ್ಳಲಿಲ್ಲ. ಸುಮ್ನೆ ನೋಡಿದೆ. ಸ್ಯಾನ್ ಆಂಟೋನಿಯೊ ಕಲಾ ಸಂಗ್ರಹಾಲಯದಲ್ಲಿ ನೆಲ್ಸನ್ ರಾಕ್‌ಫೆಲರ್ ಹೆಸರಿನ ಲ್ಯಾಟಿನ್ ಅಮೆರಿಕದ ವಿಭಾಗವೇ ಇದೆ. ಅಲ್ಲಿ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಮೆಕ್ಸಿಕೊದಲ್ಲಿ ಒಂದೊಂದು ಊರಿಗೆ ಒಂದೊಂದು ಮಣ್ಣು, ಒಂದೊಂದು ಕೈ. ಪುಯೆಬ್ಲಾದ ತಲವೇರಾ ನೀಲಿ-ಬಿಳಿ ಹೊಳಪಿನದು, ಮೂಲ ಸ್ಪೇನ್‌ನದು. ಮೆತೆಪೆಕ್‌ನಲ್ಲಿ ಮಣ್ಣಿನ 'ಜೀವವೃಕ್ಷ' ಮಾಡುತ್ತಾರೆ. ಅತ್ಸೋಂಪಾದ ಮಡಕೆಗೆ ಹಸಿರು ಮೆರುಗು, ಅಂದರೆ ಗಾಜಿನಂಥ ಲೇಪ. ಇದೆಲ್ಲವನ್ನೂ ಕೂಡಿಸಲು ಹೊರಟರೆ ಮನೆ ಸಾಲುವುದಿಲ್ಲ, ದುಡ್ಡೂ ಸಾಲುವುದಿಲ್ಲ. ನನಗೆ ಹಿಡಿಸಿದ್ದು ಹಲಿಸ್ಕೊ ರಾಜ್ಯದ ಟೊನಾಲಾ ಮತ್ತು ತ್ಲಾಕೆಪಾಕೆ. ಎರಡೂ ಗ್ವಾದಲಹಾರಾ ನಗರಕ್ಕೆ ಅಂಟಿಕೊಂಡ ಊರುಗಳು.

ಟೆಕ್ಸಸ್‌ನ ಹಳೆ ಸಾಮಾನಿನಲ್ಲಿ ನನ್ನ ಕೈಗೆ ಜಾಸ್ತಿ ಸಿಕ್ಕಿದ್ದು ಪ್ರವಾಸಿಗರಿಗೆಂದು ಮಾಡಿದ್ದು. 1888ರಲ್ಲಿ ಗ್ವಾದಲಹಾರಾಕ್ಕೆ ರೈಲು ಬಂತು. 1936ರಲ್ಲಿ ಟೆಕ್ಸಸ್ ಗಡಿಯ ಲರೇಡೊದಿಂದ ಮೆಕ್ಸಿಕೊ ನಗರದವರೆಗೆ ಹೆದ್ದಾರಿ ತೆರೆಯಿತು. ಕಾರು ತುಂಬ ಮಡಕೆ, ತಟ್ಟೆ ಹೇರಿಕೊಂಡು ಅಮೆರಿಕನ್ನರು ಮನೆಗೆ ಬಂದರು. ಟೊಪ್ಪಿ ಮುಖಕ್ಕೆ ಎಳೆದುಕೊಂಡು ಕಳ್ಳಿಗಿಡದ ಕೆಳಗೆ ತೂಕಡಿಸುವ ಮನುಷ್ಯ, ಪಕ್ಕದಲ್ಲಿ ಕತ್ತೆ, ಹಿಂದೆ ಗುಡಿಸಲು. ಇದು ಆ ಕಾಲದ ತಟ್ಟೆಗಳ ಮೇಲಿನ ಚಿತ್ರ. ಅಮೆರಿಕನ್ನರು ಮೆಕ್ಸಿಕೊ ಹೀಗೇ ಅಂದುಕೊಂಡಿದ್ದರು, ಕುಂಬಾರರು ಅದನ್ನೇ ಬರೆದುಕೊಟ್ಟರು. ನಮ್ಮ ಪಕ್ಕದ ಮನೆಯವರಿಗೆ ಆ ಚಿತ್ರ ಕಂಡರಾಗದು. "ಇಡೀ ದಿನ ದುಡಿದವನು ಒಂದು ಗಳಿಗೆ ಮಲಗಿದರೆ ಅದೇ ಚಿತ್ರವಾಯ್ತು" ಅನ್ನುತ್ತಾರೆ. ಅವರ ಮಾತು ಕೇಳಿದ ಮೇಲೆ ಅಂಥ ತಟ್ಟೆ ಕೊಳ್ಳುವುದನ್ನು ಬಿಟ್ಟೆ. ಮೊದಲೇ ಕೊಂಡ ಎರಡು ಪೆಟ್ಟಿಗೆಯಲ್ಲಿವೆ.

ನಾನು ಈಗ ಹುಡುಕುವುದು ಎರಡೇ ಬಗೆ. ಒಂದು ಪೆತತಿಯೊ. ಮೆಕ್ಸಿಕೊದಲ್ಲಿ ಚಾಪೆಗೆ ಪೆತಾತೆ ಅನ್ನುತ್ತಾರೆ. ಹೂವು, ಜಿಂಕೆ, ಹಕ್ಕಿಗಳ ನಡುವೆ ಖಾಲಿ ಉಳಿದ ಜಾಗದಲ್ಲೆಲ್ಲ ಕೂದಲೆಳೆಯಂಥ ಗೆರೆಗಳನ್ನು ಅಡ್ಡಡ್ಡ ಎಳೆದು ಚಾಪೆ ಹೆಣೆದ ಹಾಗೆ ತುಂಬಿರುತ್ತಾರೆ. ಮೇಲೆ ಮೆರುಗು. ಒಳ್ಳೆಯ ಪೆತತಿಯೊ ಗುರುತಿಸೋದು ಕಷ್ಟವಲ್ಲ. ಭೂತಗನ್ನಡಿ ಹಿಡಿದರೆ ಗೆರೆ ಎಲ್ಲೂ ಒಂದೇ ಸಮ ಇರಬಾರದು. ಕೈ ದಣಿದ ಕಡೆ ದಪ್ಪವಾಗಿರುತ್ತೆ, ಕುಂಚಕ್ಕೆ ಬಣ್ಣ ಅದ್ದಿಕೊಂಡ ಕಡೆ ಕಡುವಾಗಿರುತ್ತೆ. ಹೊಸ ಅಗ್ಗದ ಸಾಮಾನಿನಲ್ಲಿ ಗೆರೆ ದೂರದೂರ. ಬೇಗ ಮುಗಿಸುವ ಅವಸರ ಕಾಣುತ್ತೆ.

ಇನ್ನೊಂದು ಬ್ರುನ್ಯಿದೊ, ಅಂದರೆ ಉಜ್ಜಿ ನುಣುಪು ಮಾಡಿದ್ದು. ಮೆರುಗು ಹಚ್ಚುವುದಿಲ್ಲ. ಬಣ್ಣದ ಮಣ್ಣಿನ ನೀರಿನಿಂದಲೇ ಚಿತ್ರ ಬರೆದು, ಕಲ್ಲಿನಿಂದ ಉಜ್ಜಿ ಸುಡುತ್ತಾರೆ. ಬೂದು, ತಿಳಿ ಗುಲಾಬಿ, ಮಸುಕು ನೀಲಿ, ಕೆನೆ ಬಣ್ಣ. ನಗುವ ಬೆಕ್ಕಿನಂಥ 'ನಾವಾಲ್' ಎಂಬ ಮಾಯಾಪ್ರಾಣಿ ಇದರಲ್ಲಿ ಬರುತ್ತೆ. ಬ್ರುನ್ಯಿದೊ ಪಾತ್ರೆಗಳಲ್ಲಿ ನನ್ನ ಕಣ್ಣು ನಿಂತದ್ದು ಬೊತೆಯೋನ್ ಮೇಲೆ. ಉದ್ದ ಕತ್ತಿನ, ಗುಂಡು ಹೊಟ್ಟೆಯ ನೀರಿನ ಪಾತ್ರೆ. ಬಾಯಿಗೆ ಅದರದೇ ಲೋಟ ಬೋರಲು. ನಮ್ಮ ಹೂಜಿಯೇ ಬೇರೆ ಬಟ್ಟೆ ಹಾಕಿಕೊಂಡ ಹಾಗಿದೆ.

ಟೊನಾಲಾದ ಮಣ್ಣು ನೀರು ತಾಕಿದರೆ ಘಮ್ಮೆನ್ನುತ್ತೆ. 17ನೇ ಶತಮಾನದಲ್ಲಿ ಆ ಊರಿನ ಪಾತ್ರೆಗಳು ಹಡಗಿನಲ್ಲಿ ಸ್ಪೇನ್‌ಗೆ ಹೋಗುತ್ತಿದ್ದವು. ಅಲ್ಲಿ ಅವುಗಳ ಹೆಸರು 'ಬುಕಾರೊ'. ದೊಡ್ಡ ಮನೆತನದ ಹೆಂಗಸರು ಅದರಲ್ಲಿ ನೀರು ಕುಡಿದು, ಆಮೇಲೆ ಆ ಪಾತ್ರೆಯ ಚೂರನ್ನೇ ಕಡಿದು ತಿನ್ನುತ್ತಿದ್ದರಂತೆ! ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್' ಚಿತ್ರದಲ್ಲಿ ಪುಟ್ಟ ರಾಜಕುಮಾರಿಗೆ ಸೇವಕಿ ಒಂದು ಕೆಂಪು ಕುಡಿಕೆ ನೀಡುತ್ತಿದ್ದಾಳಲ್ಲ, ಅದು ಟೊನಾಲಾದ್ದೇ ಎನ್ನುವ ತಜ್ಞರಿದ್ದಾರೆ. ಮಣ್ಣು ತಿನ್ನುವ ಕತೆ ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮೂರ ಬಸುರಿಯರು ಕೆಮ್ಮಣ್ಣಿನ ಹೆಂಟೆ ಸೆರಗಿನಲ್ಲಿ ಕಟ್ಟಿಕೊಂಡು ಯಾರಿಗೂ ಕಾಣದಂತೆ ಮೆಲ್ಲುವುದನ್ನು ನೋಡಿಯೇ ಬೆಳೆದವಳು ನಾನು.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಮಡಕೆ ಕೊಳ್ಳುವುದು ನನಗೆ ಗೊತ್ತು ಎಂಬ ಜಂಬ ಇತ್ತು. ಅರಸೀಕೆರೆ ಕಡೆಯವಳು. ಸಂತೆಯಲ್ಲಿ ಅಮ್ಮ ಮಡಕೆಯನ್ನು ಅಂಗೈ ಮೇಲೆ ಕೂರಿಸಿಕೊಂಡು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. 'ಟಣ್' ಅಂದರೆ ಚೀಲಕ್ಕೆ, 'ಬದ್' ಅಂದರೆ ಕುಂಬಾರನಿಗೆ ವಾಪಸ್. ಒಂದು ಎಸ್ಟೇಟ್ ಸೇಲ್‌ನಲ್ಲಿ ದೊಡ್ಡ ಬ್ರುನ್ಯಿದೊ ಜಾಡಿ ಸಿಕ್ಕಿತು. ಮೈ ತುಂಬ ಜಿಂಕೆ, ಎಲೆ. ಬೆಲೆ 40 ಡಾಲರ್. ತಟ್ಟಿದೆ. 'ಬದ್' ಅಂತು. ಒಡಕು ಅಂತ ಬಿಟ್ಟು ಬಂದೆ. ನನ್ನ ಹಿಂದೆಯೇ ಇದ್ದ ಒಬ್ಬ ವ್ಯಾಪಾರಿ ಅದನ್ನು ಮಗುವಿನಂತೆ ಎತ್ತಿಕೊಂಡು ಹೋದ. ಬಾಗಿಲಲ್ಲಿ ಕೇಳಿದ್ದಕ್ಕೆ ಹೇಳಿದ: ಇಷ್ಟು ಕಡಿಮೆ ಬೆಂಕಿಯಲ್ಲಿ ಬೆಂದ ಮಣ್ಣು ಸಾಮಾನ್ಯವಾಗಿ 'ಟಣ್' ಅನ್ನುವುದಿಲ್ಲ. ಬಿರುಕಿದ್ದರೆ ಬರುವ ಸದ್ದೇ ಬೇರೆ, ಅದು ಗರಗರ ಅನ್ನುತ್ತೆ, ಎರಡು ಚೂರು ಒಂದಕ್ಕೊಂದು ತಾಕಿದ ಹಾಗೆ.

ಆ ಸದ್ದಿನ ವ್ಯತ್ಯಾಸ ಕಿವಿಗೆ ಹತ್ತಲು ನನಗೆ ಎರಡು ವರ್ಷ ಬೇಕಾಯಿತು. ಈಗ ಮನೆಯಲ್ಲಿ ಒಡೆದದ್ದೊಂದು, ಒಡೆಯದ್ದೊಂದು ಅಕ್ಕಪಕ್ಕ ಇಟ್ಟುಕೊಂಡು ಆಗಾಗ ತಟ್ಟುತ್ತೇನೆ. ಯಜಮಾನರು ತಬಲಾ ಕ್ಲಾಸು ಅನ್ನುತ್ತಾರೆ.

ತಟ್ಟುವ ಮೊದಲು ಬೋರಲು ಹಾಕಿ ನೋಡುತ್ತೇನೆ. ಮಡಕೆಯ ನಿಜ ಇರುವುದು ಬುಡದಲ್ಲಿ. ಎಷ್ಟೋ ವರ್ಷ ಕಪಾಟಿನ ಮೇಲೆ ಸರಿದಾಡಿದ್ದರೆ ಬುಡದ ಎತ್ತರದ ಜಾಗ ಮಾತ್ರ ಸವೆದಿರುತ್ತೆ, ತಗ್ಗಿನಲ್ಲಿ ಕೊಳೆ ಕೂತಿರುತ್ತೆ. ಎಲ್ಲ ಕಡೆ ಒಂದೇ ಸಮ ಕಂದು ಇದ್ದರೆ ಯಾರೋ ಟೀ ಡಿಕಾಕ್ಷನ್ ಬಳಿದಿದ್ದಾರೆ ಅಂತ ಅನುಮಾನ ಪಡಿ. ಇನ್ನು ಮುದ್ರೆ. 1890ರ ಅಮೆರಿಕದ ಸುಂಕದ ಕಾಯ್ದೆಯ ಪ್ರಕಾರ ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಬೇಕಿತ್ತು. ಅದಕ್ಕೇ ಅಂಗಡಿಗೆಂದು ತರಿಸಿದ ಮಾಲಿನ ಬುಡದಲ್ಲಿ 'ಮೆಕ್ಸಿಕೊ' ಎಂಬ ಮುದ್ರೆ ಇರುತ್ತೆ. ಆದರೆ ಪ್ರವಾಸಿಗರು ಕೈಯಲ್ಲಿ ಹಿಡಿದು ತಂದದ್ದಕ್ಕೆ ಮುದ್ರೆ ಯಾರು ಒತ್ತುತ್ತಾರೆ? ಮುದ್ರೆ ಇಲ್ಲ ಅಂತ ಬಿಟ್ಟ ಎಷ್ಟು ಒಳ್ಳೆ ಪಾತ್ರೆ ಕಳಕೊಂಡೆನೋ! ಸಹಿಯದೂ ಅಷ್ಟೆ. ಹಳೆಯ ಕುಂಬಾರರಲ್ಲಿ ಹೆಚ್ಚಿನವರು ಹೆಸರು ಬರೆಯಲೇ ಇಲ್ಲ.

ಸಹಿ ಇಲ್ಲದ ಮಡಕೆಯ ಕತೆಯೊಂದು ಇಲ್ಲಿನ ಸಂಗ್ರಹಕಾರರಿಗೆಲ್ಲ ಬಾಯಿಪಾಠ. 1976ರಲ್ಲಿ ಸ್ಪೆನ್ಸರ್ ಮೆಕಲಮ್ ಎಂಬಾತ ನ್ಯೂ ಮೆಕ್ಸಿಕೊದ ಡೆಮಿಂಗ್ ಊರಿನ ಗುಜರಿ ಅಂಗಡಿಯಲ್ಲಿ ಮೂರು ಮಡಕೆ ಕಂಡ. ಮಾಡಿದವರು ಯಾರೆಂದು ತಿಳಿಯದೆ ಫೋಟೊ ಹಿಡಿದು ಗಡಿ ದಾಟಿ ಹುಡುಕುತ್ತ ಹೋದ. ಮಾತಾ ಓರ್ತಿಸ್ ಎಂಬ ಹಳ್ಳಿಯಲ್ಲಿ ಹುವಾನ್ ಕೆಸಾದಾ ಸಿಕ್ಕರು. ಹತ್ತಿರದ ಪಾಕಿಮೆ ಎಂಬ ಪ್ರಾಚೀನ ಪಾಳೂರಿನ ಹಳೆ ಮಡಕೆ ಚೂರುಗಳನ್ನು ನೋಡಿಯೇ ತಮ್ಮಷ್ಟಕ್ಕೆ ಕಸುಬು ಕಲಿತವರು ಅವರು. ಇವತ್ತು ಆ ಹಳ್ಳಿ ಮಡಕೆಗಳಿಗೇ ಹೆಸರುವಾಸಿ. ಈ ಕತೆ ಕೇಳಿದ ಮೇಲೆ ಗುಜರಿ ಅಂಗಡಿಯನ್ನು ಹಾಗೇ ದಾಟಿ ಹೋಗುವುದು ನನ್ನ ಕೈಲಾಗಿಲ್ಲ. ನನಗಂತೂ ಇದುವರೆಗೆ ಯಾವ ಕೆಸಾದಾನೂ ಸಿಕ್ಕಿಲ್ಲ.

ರಿಪೇರಿ ಪತ್ತೆಗೆ ಒಂದು ಚಿಕ್ಕ ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ಇದೆ. ಕತ್ತಲಲ್ಲಿ ಹಾಯಿಸಿದರೆ ಹೊಸ ಅಂಟು, ಹೊಸ ಬಣ್ಣ ಅನೇಕ ಸಲ ಬೇರೆಯಾಗಿ ಮಿನುಗುತ್ತೆ. ಮಾರುವವರ ಎದುರು ಟಾರ್ಚ್ ತೆಗೆದರೆ ಮುಖ ಗಂಟಿಕ್ಕುವವರೂ ಇದ್ದಾರೆ. ಅವರಿಂದ ಕೊಳ್ಳುವುದಿಲ್ಲ. ಹಾಗಂತ ರಿಪೇರಿ ಮಾಡಿದ್ದು ಬೇಡ ಅಂತಲ್ಲ. ನನ್ನ ಅತ್ಯುತ್ತಮ ಪೆತತಿಯೊ ತಟ್ಟೆ ಮೂರು ಹೋಳಾಗಿ, ಹಿಂದೆ ಲೋಹದ ಕೊಂಡಿ ಹಾಕಿಸಿಕೊಂಡದ್ದು. ಅದನ್ನು ಮೊದಲೇ ಹೇಳಿ ಮಾರಿದರು, ನಾನೂ ಖುಷಿಯಿಂದ ಕೊಂಡೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಮೆರುಗು ಇರುವ ಹಳೆ ಮೆಕ್ಸಿಕೊ ಪಾತ್ರೆಯಲ್ಲಿ ಅಡುಗೆ ಮಾಡಬೇಡಿ, ಊಟ ಬಡಿಸಬೇಡಿ. ಆ ಮೆರುಗಿನಲ್ಲಿ ಸೀಸ ಇರುತ್ತೆ. ಕಡಿಮೆ ಬೆಂಕಿಯಲ್ಲೇ ಕರಗಿ ಹೊಳಪು ಕೊಡುವುದರಿಂದ ತಲೆಮಾರುಗಳಿಂದ ಅದನ್ನೇ ಬಳಸಿದರು. ಹುಳಿ ತಾಕಿದರೆ ಸೀಸ ಬಿಡುತ್ತೆ. ಗೆಳತಿಯೊಬ್ಬಳು ನನ್ನ ಹತ್ತಿರವಿದ್ದ ಕಸುಯೆಲಾ ಎಂಬ ಅಗಲ ಬಾಯಿಯ ಅಡುಗೆ ಮಡಕೆ ನೋಡಿ, "ಇದ್ರಲ್ಲಿ ಸಾರು ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?" ಅಂದಳು. ಹುಣಸೆಹಣ್ಣು, ಟೊಮೇಟೊ, ಒಲೆಯ ಕಾವು! ಸೀಸ ಇಳಿಸಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಸೀಸ ಪತ್ತೆ ಮಾಡುವ ಕಡ್ಡಿ ತಂದು ಅವಳೆದುರೇ ಉಜ್ಜಿದೆ, ಕೆಂಪಾಯಿತು. ಮತ್ತೆ ಕೇಳಲಿಲ್ಲ.

ಇನ್ನೊಂದು, ನಾನು ಮುಟ್ಟದ ಸಾಮಾನು. ಮಾರಾಟಗಾರನೊಬ್ಬ ಪಿಸುಮಾತಿನಲ್ಲಿ ಪಶ್ಚಿಮ ಮೆಕ್ಸಿಕೊದ ಕೊಲಿಮಾ ಕಡೆಯ ಮಣ್ಣಿನ ನಾಯಿ ತೋರಿಸಿದ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಲ್ಲಿನವರು ಸತ್ತವರ ಜೊತೆ ಗೋರಿಯಲ್ಲಿಡುತ್ತಿದ್ದ ದುಂಡು ಹೊಟ್ಟೆಯ ನಾಯಿ. ಮುದ್ದಾಗಿತ್ತು. ಆದರೆ ಸ್ಪೇನಿನವರು ಬರುವ ಮೊದಲಿನ ವಸ್ತುಗಳೆಲ್ಲ ಮೆಕ್ಸಿಕೊ ಸರ್ಕಾರದ್ದು, ದೇಶದ ಹೊರಗೆ ಸಾಗಿಸುವಂತಿಲ್ಲ. ಆ ಕಾಯ್ದೆ 1972ರದು, ನಮ್ಮ ದೇಶದ ಪುರಾತನ ವಸ್ತುಗಳ ಕಾಯ್ದೆ ಬಂದ ವರ್ಷವೇ. ಆ ನಾಯಿ ಒಂದೋ ಗೋರಿಯಿಂದ ಕದ್ದದ್ದು, ಇಲ್ಲಾ ಖೋಟಾ. ಎರಡರಲ್ಲಿ ಯಾವುದಾದರೂ ನನಗೆ ಬೇಡ.

ಟೊನಾಲಾಕ್ಕೂ ಒಮ್ಮೆ ಹೋಗಿದ್ದೆ. ಗುರುವಾರ, ಭಾನುವಾರ ಅಲ್ಲಿ ಬೀದಿ ತುಂಬ ಸಂತೆ. ಹಳೆಯದು ನನಗೆ ಒಂದೂ ಸಿಗಲಿಲ್ಲ, ಸಿಗುತ್ತೆ ಅಂತ ಹೋಗಲೂ ಇಲ್ಲ. ಮುದುಕಿಯೊಬ್ಬಳು ಹೊಸ್ತಿಲ ಮೇಲೆ ಕೂತು ಮಡಕೆ ಉಜ್ಜುವುದನ್ನು ಅರ್ಧ ಗಂಟೆ ನಿಂತು ನೋಡಿದೆ. ಸಣ್ಣ ಕಲ್ಲು, ಒಂದೇ ದಿಕ್ಕಿನ ಸಣ್ಣ ಎಳೆತ. ಊರಿಗೆ ವಾಪಸ್ ಬಂದು ನನ್ನ ಪಾತ್ರೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದೇ ಎಳೆತದ ಗುರುತು ಪಟ್ಟೆಪಟ್ಟೆಯಾಗಿ ಕಂಡವು. ಅಷ್ಟು ದಿನ ಅವು ಕಣ್ಣಿಗೇ ಬಿದ್ದಿರಲಿಲ್ಲ.

ಬೊತೆಯೋನ್ ಕೊನೆಗೂ ಸಿಕ್ಕಿದ್ದು ನಮ್ಮ ಮನೆಯಿಂದ ಎರಡು ಮೈಲಿ ದೂರದ ಗ್ಯಾರೇಜ್ ಒಂದರಲ್ಲಿ, 60 ಡಾಲರ್‌ಗೆ. ಬೂದು ಮೈ, ಎರಡು ತಲೆಯ ಹದ್ದು, ಕತ್ತಿನ ಹತ್ತಿರ ಒಂದು ಚಿಕ್ಕ ಚಕ್ಕೆ ಎದ್ದಿದೆ. ಲೋಟ ಇಲ್ಲ. ತಟ್ಟಿದೆ, 'ಬದ್' ಅಂತು, ಗರಗರ ಅನ್ನಲಿಲ್ಲ. ತಂದು ಮೆತ್ತನೆಯ ಕುಂಚದಿಂದ ಧೂಳು ಮಾತ್ರ ಕೊಡವಿದೆ. ಬ್ರುನ್ಯಿದೊವನ್ನು ನೆನೆಸಬಾರದು, ಸೋಪಂತೂ ಬೇಡವೇ ಬೇಡ. ಕಪಾಟಿನ ಮೇಲೆ ಅಲುಗದಂತೆ ಮೇಣ ಒತ್ತಿ ನಿಲ್ಲಿಸಿದೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಬೊತೆಯೋನ್ ಕಪಾಟಿನಲ್ಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ, ತಟ್ಟೆಯೊಳಗೆ, ಸ್ಟೀಲ್ ಲೋಟ ಬೋರಲು ಹಾಕಿಕೊಂಡು ಕೂತಿದೆ. ಕತ್ತಿನವರೆಗೆ ನೀರು. "ಹೂಜಿ ಖಾಲಿ ಇಡ್ತಾರೇನೆ?" ಅಂದರು. ಬೈಯಲು ಬಾಯಿ ತೆರೆದವಳು ಮೊದಲು ಮುಟ್ಟಿ ನೋಡಿದೆ. ಹೊರಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಪಾತ್ರೆಯ ಮೈ ಬೆವರಿ ತಣ್ಣಗಿತ್ತು, ಅಡುಗೆಮನೆ ತುಂಬ ಮೊದಲ ಮಳೆಯ ವಾಸನೆ.

ನೀರು ಚೆಲ್ಲಿ ವಾರಗಟ್ಟಲೆ ನೆರಳಲ್ಲಿ ಒಣಗಿಸಿದೆ. ಹದ್ದಿನ ಬಣ್ಣಕ್ಕೆ ಏನೂ ಆಗಿಲ್ಲ. ಹೊಟ್ಟೆಯ ಕೆಳಗೆ ಉಪ್ಪಿನ ಬಿಳಿ ಗೆರೆಯೊಂದು ಉಳಿದುಕೊಂಡಿದೆ. ಉಜ್ಜಿದರೆ ಹೊಳಪೂ ಹೋಗುತ್ತೆ ಅಂತ ಹಾಗೇ ಬಿಟ್ಟಿದ್ದೇನೆ. ಸ್ಟೀಲ್ ಲೋಟವನ್ನೂ ತೆಗೆದಿಲ್ಲ.