ಒಂದೇ ಹೆಸರು, ಬೇರೆ ಬೇರೆ ಉತ್ತರ: ರೈಸ್ ಮಿಲ್ಲಿನ ಡಿಎನ್‌ಎಸ್‌ನಲ್ಲಿ ವ್ಯೂ ಹಾಕಿದ ಅನುಭವ

ಗಂಗಾವತಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡುವವರಿಗೆ ರೈಸ್ ಮಿಲ್‌ಗಳೇ ದೊಡ್ಡ ಗಿರಾಕಿಗಳು. ಸಿಸಿ ಕ್ಯಾಮೆರಾ, ಬಿಲ್ಲಿಂಗ್, ವೈಫೈ, ಕಾಟಾದ ಕಂಪ್ಯೂಟರ್, ಎಲ್ಲಾ ನಮ್ಮ ತಲೆಗೇ. ನಾನು ನೋಡಿಕೊಳ್ಳುವ ಒಬ್ಬ ಸಾವ್ಕಾರರಿಗೆ ಗಂಗಾವತಿಯಲ್ಲಿ ಆಫೀಸು ಮತ್ತು ಒಂದು ಮಿಲ್, ಕಾರಟಗಿಯಲ್ಲಿ ಇನ್ನೊಂದು ಮಿಲ್. ಎರಡೂ ಕಡೆ ಲಾರಿ ತೂಗುವ ಕಾಟಾ ಇದೆ. ನಡುವೆ ವಿಪಿಎನ್ ಇದೆ, ಅಂದರೆ ಇಂಟರ್ನೆಟ್ ಮೇಲೆಯೇ ಎರಡೂ ಕಡೆಯನ್ನು ಜೋಡಿಸುವ ಖಾಸಗಿ ಸುರಂಗ. ಅಲ್ಲಿ ಡಿಎನ್‌ಎಸ್ ಸರ್ವರ್ (ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ಸರ್ವರ್) ಹಾಕಿ, ಕೇಳುವವರ ವಿಳಾಸ ನೋಡಿ ಬೇರೆ ಬೇರೆ ಉತ್ತರ ಕೊಡುವ ಹಾಗೆ ಮಾಡಿದೆ. ಅದರ ಕಥೆ ಇದು.

ಶುರುವಾಗಿದ್ದು ಒಂದು ಫೋನಿನಿಂದ. ಆಫೀಸಿನ ಗುಮಾಸ್ತರು ಹೇಳಿದ್ದು ಇಷ್ಟೇ: "ಸರ್, ಲೆಕ್ಕದ ಸಾಫ್ಟ್‌ವೇರ್ ಮೊಬೈಲ್ ಡೇಟಾದಾಗ ಬರ್ತೈತಿ, ಆಫೀಸ್ ವೈಫೈದಾಗ ಬರವಲ್ದು ನೋಡ್ರಿ." ಸರ್ವರ್ ಇರುವುದು ಅದೇ ಆಫೀಸಿನಲ್ಲಿ, ಅವರ ಹಿಂದಿನ ಕೋಣೆಯಲ್ಲೇ! ಊರಾಚೆಯಿಂದ ತೆರೆಯುತ್ತೆ, ಪಕ್ಕದ ಕೋಣೆಯಿಂದ ತೆರೆಯಲ್ಲ.

ಕಾರಣ ಸುಲಭ. ಸರ್ವರ್‌ನ ಒಳಗಿನ ವಿಳಾಸ 192.168.10.5. ಹೊರಗಿನ ಸ್ಟ್ಯಾಟಿಕ್ ಐಪಿ 203.0.113.10 ಅಂದುಕೊಳ್ಳಿ (ಈ ವಿಳಾಸ ಉದಾಹರಣೆಗಾಗಿಯೇ ಮೀಸಲಿಟ್ಟಿದ್ದು, ನಿಜದ್ದಲ್ಲ). ‘ಲೆಕ್ಕ.ನಮ್ಮಮಿಲ್.ಇನ್’ ಅಂತ ಕೇಳಿದರೆ ಡಿಎನ್‌ಎಸ್ ಎಲ್ಲರಿಗೂ ಹೊರಗಿನ ಐಪಿಯನ್ನೇ ಕೊಡುತ್ತಿತ್ತು. ಒಳಗಿನ ಕಂಪ್ಯೂಟರ್ ಆ ಐಪಿ ಹಿಡಿದು ರೂಟರ್‌ಗೆ ಹೋಗುತ್ತೆ. ರೂಟರ್ ಅದನ್ನು ಮತ್ತೆ ಒಳಗೇ ತಿರುಗಿಸಿ ಕಳಿಸಬೇಕು. ಇದಕ್ಕೆ ಹೇರ್‌ಪಿನ್ ನ್ಯಾಟ್ ಅನ್ನುತ್ತಾರೆ. ಅಲ್ಲಿದ್ದ ರೂಟರ್‌ಗೆ ಅದು ಬರುತ್ತಿರಲಿಲ್ಲ. ಅದಕ್ಕೇ ಆಫೀಸಿನವರು ಬ್ರೌಸರ್‌ನಲ್ಲಿ ನೇರವಾಗಿ 192.168.10.5 ಹೊಡೆದು ಕೆಲಸ ಸಾಗಿಸುತ್ತಿದ್ದರು. ಸರ್ಟಿಫಿಕೇಟ್ ಇರುವುದು ಹೆಸರಿಗೆ, ಐಪಿಗೆ ಅಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಕೆಂಪು ಎಚ್ಚರಿಕೆ ಬರೋದು, ಅದನ್ನು ದಾಟಿ ಹೋಗೋದು. ನನಗೆ ಇದು ಸುತಾರಾಂ ಇಷ್ಟವಾಗಲ್ಲ. ಎಚ್ಚರಿಕೆಯನ್ನು ಓದದೆ ದಾಟುವುದು ಅಭ್ಯಾಸವಾದರೆ, ನಿಜವಾದ ಮೋಸದ ಪುಟ ಬಂದಾಗಲೂ ಹಾಗೇ ದಾಟುತ್ತಾರೆ.

ಎರಡನೇ ಕಾರಣ ಕಾಟಾ. ಕಾಟಾದ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಸರ್ವರ್ ಹೆಸರು ಬರೆಯಬಹುದು. ಗಂಗಾವತಿಯ ಕಾಟಾ ಗಂಗಾವತಿಯ ಸರ್ವರ್‌ಗೆ ಹೋಗಬೇಕು, ಕಾರಟಗಿಯದ್ದು ಕಾರಟಗಿಯದ್ದಕ್ಕೆ. ಭತ್ತದ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರ್ ಸಾಲು ಗೇಟಿನಾಚೆ ನಿಂತಿರುತ್ತೆ. ಆಗ ಒಂದು ಕಂಪ್ಯೂಟರ್ ಕೆಟ್ಟರೆ ಇನ್ನೊಂದು ಕಡೆಯದ್ದನ್ನು ತಂದು ಇಡುತ್ತಾರೆ. ಸೆಟ್ಟಿಂಗ್ ಬದಲಿಸುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಎರಡೂ ಕಡೆ ‘ಕಾಟಾ.ನಮ್ಮಮಿಲ್.ಇನ್’ ಅಂತಲೇ ಇದ್ದು, ಉತ್ತರ ಮಾತ್ರ ಜಾಗಕ್ಕೆ ತಕ್ಕಂತೆ ಬಂದರೆ ಸಾಕು.

ಬೈಂಡ್ 9 ಅನ್ನುವ ಡಿಎನ್‌ಎಸ್ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ‘ವ್ಯೂ’ ಅಂತ ಇದೆ. ಆ ಆವೃತ್ತಿ 2000ದಲ್ಲಿ ಬಂತು, ಅಂದರೆ ಇದೇನೂ ಹೊಸ ವಿದ್ಯೆ ಅಲ್ಲ. ಅನ್‌ಬೌಂಡ್ ಅನ್ನುವ ಇನ್ನೊಂದು ಡಿಎನ್‌ಎಸ್ ಸಾಫ್ಟ್‌ವೇರ್‌ನಲ್ಲೂ ವ್ಯೂ ಇದೆ. ಒಂದೇ ಕಟ್ಟಡ, ಒಂದೇ ರೂಟರ್ ಆಗಿದ್ದರೆ ಡಿಎನ್‌ಎಸ್‌ಮಾಸ್ಕ್ ಅನ್ನುವ ಪುಟ್ಟ ಸಾಫ್ಟ್‌ವೇರ್‌ನಲ್ಲೇ ಮುಗಿಸುತ್ತಿದ್ದೆ. ಇಲ್ಲಿ ಎರಡು ಊರು, ಮೂರು ತರಹದ ಜನ. ಅದಕ್ಕೇ ಬೈಂಡ್. ಹಳೆಯ ಒಂದು ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ ಆಫೀಸಿನಲ್ಲಿ ಇಟ್ಟೆ.

ಒಂದು ತೀರ್ಮಾನ ಮೊದಲೇ ಮಾಡಿದ್ದೆ. ಹೊರಗಿನ ಜನರಿಗೆ ಉತ್ತರ ಕೊಡುವ ಕೆಲಸ ಈ ಡಬ್ಬಕ್ಕೆ ಬೇಡ. ಡೊಮೈನ್ ಕೊಂಡ ಕಡೆಯೇ ಅವರ ನೇಮ್‌ಸರ್ವರ್ ಇದೆ, ಅದು ಅಲ್ಲೇ ಇರಲಿ. ನಮ್ಮಲ್ಲಿ ಕರೆಂಟ್ ಹೋದರೆ ಮೇಲ್ ಕೂಡ ಹೋಗಬಾರದು ಅಲ್ವಾ? 53ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಟ್ಟರೆ ಬೇರೆ ತಲೆನೋವು. ಯಾರ್ಯಾರೋ ಸುಳ್ಳು ವಿಳಾಸದಿಂದ ಸಣ್ಣ ಪ್ರಶ್ನೆ ಕೇಳಿ, ದೊಡ್ಡ ಉತ್ತರವನ್ನು ಇನ್ನೊಬ್ಬರ ಮೇಲೆ ಸುರಿಸುತ್ತಾರೆ. ಹಾಗಾಗಿ ನಮ್ಮ ಬೈಂಡ್ ಒಳಗಿನವರಿಗೆ ಮಾತ್ರ.

ಮೂರು ವ್ಯೂ ಮಾಡಿದೆ. ಆಫೀಸ್: 192.168.10.0/24 (ಅಂದರೆ 192.168.10 ಅಂತ ಶುರುವಾಗುವ ಎಲ್ಲಾ ವಿಳಾಸ). ಕಾರಟಗಿ: 10.8.20.0/24. ಗೆಸ್ಟ್: 192.168.50.0/24. ದಲ್ಲಾಳಿಗಳು, ಅಕ್ಕಿ ವ್ಯಾಪಾರಿಗಳು, ಲಾರಿ ಡ್ರೈವರ್‌ಗಳು ಬಂದರೆ ಗೆಸ್ಟ್ ವೈಫೈ. ಪ್ರತಿ ವ್ಯೂನಲ್ಲೂ ‘ಮ್ಯಾಚ್-ಕ್ಲೈಂಟ್ಸ್’ ಅನ್ನುವ ಸಾಲಿನಲ್ಲಿ ಆ ವಿಳಾಸಗಳನ್ನು ಬರೆಯಬೇಕು. ಬೈಂಡ್ ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಮೊದಲು ಹೊಂದಿದ ವ್ಯೂನಲ್ಲೇ ನಿಂತುಬಿಡುತ್ತೆ. ಮೇಲೆಯೇ ‘ಎನಿ’ (ಯಾರಾದರೂ ಸರಿ) ಅಂತ ಬರೆದರೆ ಕೆಳಗಿನವಕ್ಕೆ ಯಾರೂ ತಲುಪಲ್ಲ. ಯಾವುದಕ್ಕೂ ಹೊಂದದ ವಿಳಾಸಕ್ಕೆ ‘ರೆಫ್ಯೂಸ್ಡ್’ ಅಂತ ಉತ್ತರ ಹೋಗುತ್ತೆ. ನಾನು ‘ಎನಿ’ ಎಲ್ಲೂ ಬಳಸಲಿಲ್ಲ. ಗೊತ್ತಿಲ್ಲದವರಿಗೆ ಬಾಗಿಲು ಹಾಕಿರೋದೇ ಒಳ್ಳೆಯದು. ಸರ್ವರ್ ತನ್ನನ್ನೇ ಕರೆಯುವ 127.0.0.1 ಅನ್ನು ಆಫೀಸ್ ವ್ಯೂಗೆ ಸೇರಿಸಿದೆ. ಇಲ್ಲದಿದ್ದರೆ ಅದೇ ಸರ್ವರ್‌ನಲ್ಲಿ ಕೂತು ‘ಡಿಗ್’ ಅನ್ನುವ ಪರೀಕ್ಷೆಯ ಕಮಾಂಡ್ ಹೊಡೆದಾಗಲೂ ‘ರೆಫ್ಯೂಸ್ಡ್’ ಅಂತಲೇ ಬಂದು ತಲೆ ಕೆಡುತ್ತೆ.

ಡೆಬಿಯನ್‌ನಲ್ಲಿ ಒಂದು ಕಿರಿಕಿರಿ ಇದೆ. ಒಂದು ವ್ಯೂ ಬರೆದ ಮೇಲೆ ಎಲ್ಲಾ ಝೋನ್‌ಗಳೂ (ಝೋನ್ ಅಂದರೆ ಒಂದು ಡೊಮೈನ್‌ನ ಹೆಸರು, ವಿಳಾಸಗಳ ಪಟ್ಟಿ) ಯಾವುದಾದರೂ ವ್ಯೂ ಒಳಗೇ ಇರಬೇಕು. ಆದರೆ ಡಿಫಾಲ್ಟ್ ಝೋನ್‌ಗಳ ಫೈಲು ಹೊರಗೇ ಇರುತ್ತೆ, ಬೈಂಡ್ ಏಳಲ್ಲ. ಆ ಫೈಲನ್ನು ಕರೆಯುವ ಇನ್‌ಕ್ಲೂಡ್ ಸಾಲನ್ನು ಹೊರಗಿನಿಂದ ತೆಗೆದು ಪ್ರತಿ ವ್ಯೂ ಒಳಗೆ ಹಾಕಬೇಕು. ‘ನೇಮ್ಡ್-ಚೆಕ್‌ಕಾನ್ಫ್’ ಓಡಿಸಿದರೆ ಇದನ್ನು ಸರಿಯಾಗಿ ಹೇಳುತ್ತೆ. ಮೆಮೊರಿಯನ್ನೂ ನೋಡಿಕೊಳ್ಳಬೇಕು. ಪ್ರತಿ ವ್ಯೂಗೂ ಕ್ಯಾಶ್ (ನೆನಪಿಟ್ಟ ಉತ್ತರಗಳ ಸಂಗ್ರಹ) ಬೇರೆ, ಅದರ ಮಿತಿಯೂ ಬೇರೆ ಬೇರೆ ಲೆಕ್ಕ. ಹಳೆಯ ಕಂಪ್ಯೂಟರ್ ಆದ್ದರಿಂದ ‘ಮ್ಯಾಕ್ಸ್-ಕ್ಯಾಶ್-ಸೈಜ್’ ನಾನೇ ಸಣ್ಣದಾಗಿ ಬರೆದೆ.

ಇನ್ನು ಝೋನ್. ಇಲ್ಲಿ ಬಹಳ ಜನ ಎಡವುತ್ತಾರೆ. ಒಳಗಿನವರಿಗಾಗಿ ‘ನಮ್ಮಮಿಲ್.ಇನ್’ ಅಂತ ಪೂರ್ತಿ ಝೋನ್ ಬರೆದುಬಿಡುತ್ತಾರೆ. ಆಗ ಆ ಡೊಮೈನ್‌ಗೆ ನಮ್ಮ ಸರ್ವರೇ ಯಜಮಾನ. ಅದರಲ್ಲಿ ಇಲ್ಲದ ಹೆಸರು ಕೇಳಿದರೆ ಹೊರಗೆ ಹೋಗಿ ವಿಚಾರಿಸಲ್ಲ, ‘ಅಂಥ ಹೆಸರೇ ಇಲ್ಲ’ ಅಂದುಬಿಡುತ್ತೆ. ವೆಬ್‌ಸೈಟ್ ಹೊರಗೆ ಹೋಸ್ಟ್ ಆಗಿದ್ದರೆ ಇಡೀ ಜಗತ್ತಿಗೆ ಕಾಣುತ್ತೆ, ಸ್ವಂತ ಆಫೀಸಿಗೆ ಮಾತ್ರ ಕಾಣಲ್ಲ. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಗೂ ಅದೇ ಗತಿ. ಹೊರಗೆ ಏನು ಬದಲಾದರೂ ಒಳಗೂ ನೆನಪಿಟ್ಟು ಬದಲಿಸಬೇಕು. ಆರು ತಿಂಗಳಾದ ಮೇಲೆ ಯಾರಿಗೆ ನೆನಪಿರುತ್ತೆ?

ನಾನು ಮಾಡಿದ್ದು ಬೇರೆ. ‘ಲೆಕ್ಕ.ನಮ್ಮಮಿಲ್.ಇನ್’ ಅನ್ನುವುದನ್ನೇ ಒಂದು ಪುಟ್ಟ ಝೋನ್ ಮಾಡಿದೆ. ‘ಕಾಟಾ.ನಮ್ಮಮಿಲ್.ಇನ್’ ಇನ್ನೊಂದು. ಪ್ರತಿಯೊಂದರಲ್ಲೂ ಒಂದು ಎಸ್‌ಒಎ (ಝೋನ್‌ನ ತಲೆಬರಹ), ಒಂದು ಎನ್‌ಎಸ್ (ಉತ್ತರಿಸುವ ಸರ್ವರ್‌ನ ಹೆಸರು), ಒಂದು ಎ ದಾಖಲೆ (ಐಪಿ ವಿಳಾಸ), ಅಷ್ಟೇ. ಡೊಮೈನ್‌ನ ಉಳಿದ ಹೆಸರುಗಳೆಲ್ಲಾ ಎಂದಿನಂತೆ ಹೊರಗಿನಿಂದಲೇ ಬರುತ್ತವೆ. ಲೆಕ್ಕದ ಉತ್ತರ ಆಫೀಸಿಗೂ ಕಾರಟಗಿಗೂ ಒಂದೇ, 192.168.10.5. ಅದನ್ನು ಆಫೀಸ್ ವ್ಯೂನಲ್ಲಿ ಬರೆದು, ಕಾರಟಗಿ ವ್ಯೂನಲ್ಲಿ ‘ಇನ್-ವ್ಯೂ’ ಅಂತ ತೋರಿಸಿದೆ. ಕಾಟಾಕ್ಕೆ ಮಾತ್ರ ಎರಡು ಫೈಲು: ಆಫೀಸಿಗೆ 192.168.10.6, ಕಾರಟಗಿಗೆ 10.8.20.5. ಫೈಲಿನ ಹೆಸರಿನಲ್ಲೇ ವ್ಯೂ ಹೆಸರು ಸೇರಿಸಿ, ಇಲ್ಲದಿದ್ದರೆ ರಾತ್ರಿ ಹೊತ್ತು ಯಾವುದನ್ನು ತೆರೆದಿದ್ದೇವೆ ಅಂತ ಗೊತ್ತಾಗಲ್ಲ. ಗೆಸ್ಟ್ ವ್ಯೂನಲ್ಲಿ ನಮ್ಮ ಝೋನ್ ಒಂದೂ ಇಲ್ಲ. ಹೊರಗಿನವರಿಗೆ ಸಿಗುವ ಉತ್ತರವೇ ಅವರಿಗೂ.

ಹಾಗಂತ ವ್ಯೂ ಹಾಕಿದರೆ ಭದ್ರತೆ ಆಯ್ತು ಅಂದುಕೊಳ್ಳಬೇಡಿ. ಇದು ಹೆಸರು ಮುಚ್ಚಿಡುತ್ತೆ, ದಾರಿ ಮುಚ್ಚಲ್ಲ. ಗೆಸ್ಟ್ ವೈಫೈನಲ್ಲಿ ಕೂತವನು 192.168.10.5 ಅಂತ ನೇರವಾಗಿ ಹೊಡೆದರೆ ತಡೆಯಬೇಕಾದದ್ದು ಫೈರ್‌ವಾಲ್. ಅದನ್ನು ಬೇರೆಯಾಗಿ ಹಾಕಿದ್ದೇನೆ.

ಕಾನ್ಫಿಗ್ ಬರೆಯುವುದು ಒಂದು ಸಂಜೆಯ ಕೆಲಸ. ಉಳಿದಿದ್ದೆಲ್ಲಾ ‘ಕೇಳಿದವರು ಯಾರು’ ಅನ್ನುವ ಪ್ರಶ್ನೆಯ ಹಿಂದೆ ಓಡಿದ್ದು. ಪೋಸ್ಟ್‌ಮನ್ ಕವರಿನ ಮೇಲಿನ ಫ್ರಂ ಅಡ್ರೆಸ್ ನೋಡಿದ ಹಾಗೆ, ಡಿಎನ್‌ಎಸ್ ಸರ್ವರ್‌ಗೆ ಕಾಣುವುದು ಪ್ಯಾಕೆಟ್ ಕಳಿಸಿದ ವಿಳಾಸ ಮಾತ್ರ. ಒಳಗೆ ಬರೆದವರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ನಡುವೆ ಒಂದು ನ್ಯಾಟ್ (ವಿಳಾಸ ಬದಲಿಸಿ ಕಳಿಸುವುದು) ಅಥವಾ ಇನ್ನೊಂದು ಡಿಎನ್‌ಎಸ್ ಫಾರ್ವರ್ಡರ್ (ಪ್ರಶ್ನೆಯನ್ನು ಮುಂದೆ ದಾಟಿಸುವ ಸರ್ವರ್) ಬಂದರೆ ಲೆಕ್ಕ ತಪ್ಪುತ್ತೆ.

ಕಾರಟಗಿಯಲ್ಲಿ ಆಗಿದ್ದು ಅದೇ. ಅಲ್ಲಿಂದ ಕೇಳಿದವರಿಗೆಲ್ಲಾ ‘ರೆಫ್ಯೂಸ್ಡ್’. ಸರ್ವರ್‌ನಲ್ಲಿ ‘ಆರ್‌ಎನ್‌ಡಿಸಿ ಕ್ವೆರಿಲಾಗ್’ ಆನ್ ಮಾಡಿ ನೋಡಿದೆ. ಈ ಲಾಗ್‌ನಲ್ಲಿ ವ್ಯೂಗೆ ಹೊಂದಿದ ಪ್ರತಿ ಪ್ರಶ್ನೆಯ ಜೊತೆ ಕೇಳಿದ ವಿಳಾಸವೂ, ಯಾವ ವ್ಯೂ ಹೊಂದಿತು ಅನ್ನುವುದೂ ಬರುತ್ತೆ. ವ್ಯೂ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಸಾಧನ ಬೇರೆ ಇಲ್ಲ. ನೋಡಿದರೆ 10.8.20 ಅನ್ನುವ ಸರಣಿಯ ಒಂದು ವಿಳಾಸವೂ ಇಲ್ಲ. ಯಾವ ವ್ಯೂಗೂ ಹೊಂದದ ಪ್ರಶ್ನೆ ಈ ಲಾಗ್‌ಗೆ ಬರಲ್ಲ, ಹಾಗಾಗಿ ಸರ್ವರ್‌ಗೆ ಬರುವ ಪ್ಯಾಕೆಟ್‌ಗಳನ್ನೇ ನೋಡಿದೆ. ಎಲ್ಲವೂ ವಿಪಿಎನ್ ಸುರಂಗದ ವಿಳಾಸದಿಂದ, 10.8.0.2ರಿಂದ ಬರುತ್ತಿದ್ದವು. ವಿಪಿಎನ್ ಹಾಕಿಕೊಟ್ಟವರು ಕಾರಟಗಿ ರೂಟರ್‌ನಲ್ಲಿ ಎಲ್ಲದಕ್ಕೂ ಮಾಸ್ಕರೇಡ್ (ಎಲ್ಲರ ವಿಳಾಸವನ್ನೂ ರೂಟರ್‌ನ ಒಂದೇ ವಿಳಾಸಕ್ಕೆ ಬದಲಿಸುವ ನ್ಯಾಟ್) ಮಾಡಿಬಿಟ್ಟಿದ್ದರು. ಇಡೀ ಮಿಲ್ಲಿಗೆ ಒಂದೇ ಮುಖ. 10.8.0.2 ಅನ್ನು ವ್ಯೂಗೆ ಸೇರಿಸಿದರೆ ಅಂದಿಗೆ ಕೆಲಸ ಆಗುತ್ತಿತ್ತು. ಆದರೆ ನಾಳೆ ಅಲ್ಲಿಯೂ ಗೆಸ್ಟ್ ವೈಫೈ ಬಂದರೆ ಬೇರ್ಪಡಿಸುವುದು ಹೇಗೆ? ಸುರಂಗದ ಮೇಲಿನ ಮಾಸ್ಕರೇಡ್ ತೆಗೆದು, ಆಫೀಸ್ ರೂಟರ್‌ನಲ್ಲಿ 10.8.20.0/24ಕ್ಕೆ ದಾರಿ ಬರೆದೆ. ಆಮೇಲೆ ಲಾಗ್‌ನಲ್ಲಿ ನಿಜವಾದ ವಿಳಾಸಗಳು ಕಂಡವು.

ಆಫೀಸಿನಲ್ಲಿ ಇನ್ನೊಂದು ತರಹದ ಕಾಟ. ಕೆಲವು ಸಲ ಸರಿ ಉತ್ತರ, ಕೆಲವು ಸಲ ಹೊರಗಿನ ಐಪಿ. ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಸೆಟ್ಟಿಂಗ್ ಹಂಚುವ ಡಿಎಚ್‌ಸಿಪಿಯಲ್ಲಿ ಮೊದಲ ಡಿಎನ್‌ಎಸ್ ನಮ್ಮದು, ಎರಡನೆಯದು ಗೂಗಲ್‌ನ 8.8.8.8. "ನಿಮ್ದು ಬಂದ್ ಬಿದ್ರ ಇರ್ಲಿ ಅಂತ ಹಾಕೇವಿ" ಅಂದರು ಆಫೀಸಿನವರು. ಎರಡನೆಯದು ಬರೀ ಸ್ಪೇರ್ ಅಲ್ಲ. ಮೊದಲನೆಯದು ಸ್ವಲ್ಪ ತಡ ಮಾಡಿದರೆ ಕಂಪ್ಯೂಟರ್ ಎರಡನೆಯದನ್ನು ಕೇಳುತ್ತೆ, ಆಮೇಲೆ ಅಲ್ಲೇ ಅಂಟಿಕೊಳ್ಳಲೂಬಹುದು. 8.8.8.8ಕ್ಕೆ ನಮ್ಮ ಒಳಗಿನ ವಿಳಾಸ ಹೇಗೆ ಗೊತ್ತಾಗಬೇಕು? ಅದನ್ನು ತೆಗೆಸಿದೆ. ಸ್ಪೇರ್ ಬೇಕಿದ್ದರೆ ಅದೂ ನಮ್ಮದೇ ಆಗಿರಬೇಕು, ಅದೇ ಉತ್ತರ ಕೊಡುವಂತಿರಬೇಕು.

ಐಪಿವಿ6 (ಹೊಸ ತರಹದ ಐಪಿ ವಿಳಾಸ) ಕೂಡ ಹೀಗೇ ಕೈ ಕೊಡುತ್ತೆ. ಇಂಟರ್ನೆಟ್ ಕಂಪನಿಯ ಡಬ್ಬ ತನ್ನದೇ ಐಪಿವಿ6 ಡಿಎನ್‌ಎಸ್ ವಿಳಾಸ ಹಂಚುತ್ತಿದ್ದರೆ ಕಂಪ್ಯೂಟರ್‌ಗಳು ನಮ್ಮನ್ನು ಕೇಳುವುದೇ ಇಲ್ಲ. ಅದನ್ನು ನಿಲ್ಲಿಸಿದೆ. ಮೊಬೈಲ್‌ಗಳದ್ದು ಬೇರೆ. ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಯಾರಾದರೂ ಹೊರಗಿನ ಹೆಸರು ಬರೆದಿದ್ದರೆ, ಅಥವಾ ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಮೂಲಕ ಡಿಎನ್‌ಎಸ್ ಆನ್ ಇದ್ದರೆ, ನಮ್ಮ ಸರ್ವರ್ ಪಕ್ಕದಲ್ಲಿದ್ದೂ ಇಲ್ಲದಂತೆ. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಅದನ್ನು ಆಫ್ ಮಾಡಿದ್ದೇನೆ. ಸಾವ್ಕಾರರ ಮಗನ ಫೋನಿಗೆ ಕೈ ಹಾಕಲಿಲ್ಲ, ಅವರು ಹೊರಗಿನ ಡೇಟಾದಲ್ಲೇ ನೋಡಿಕೊಳ್ಳಲಿ.

ಮುಖ್ಯ ಸರ್ವರ್‌ನಿಂದ ಝೋನ್ ನಕಲು ಮಾಡಿಕೊಂಡು ಉತ್ತರಿಸುವ ಒಂದು ಸಣ್ಣ ಸೆಕೆಂಡರಿ ಸರ್ವರ್ ಕಾರಟಗಿಗೆ ಬೇಕಾಯ್ತು. ವಿಪಿಎನ್ ಬಿದ್ದಾಗ ಪಕ್ಕದಲ್ಲೇ ಇರುವ ಕಾಟಾ ಸರ್ವರ್‌ನ ಹೆಸರು ಸಿಗದೆ ಲಾರಿ ನಿಂತರೆ ಏನು ಚಂದ? ಇಲ್ಲಿ ವ್ಯೂನ ಒಂದು ತಮಾಷೆ ಇದೆ. ಸೆಕೆಂಡರಿ ಕೂಡ ಒಬ್ಬ ಕ್ಲೈಂಟೇ. ಅದು 10.8.20.2ರಿಂದ ಝೋನ್ ಕೇಳಿದರೆ ಕಾರಟಗಿ ವ್ಯೂನ ಝೋನ್ ಮಾತ್ರ ಸಿಗುತ್ತೆ. ನಮಗೆ ಬೇಕಾದದ್ದೂ ಅದೇ, ಹಾಗಾಗಿ ಅನುಕೂಲವೇ ಆಯ್ತು. ಒಂದೇ ಸೆಕೆಂಡರಿಗೆ ಎರಡೂ ವ್ಯೂ ಬೇಕಿದ್ದರೆ ವಿಳಾಸ ಸಾಲದು. ಪ್ರತಿ ವ್ಯೂಗೆ ಒಂದೊಂದು ಟಿಸಿಗ್ ಕೀ (ಕೇಳಿದವರು ನಮ್ಮವರೇ ಅಂತ ಗುರುತಿಸುವ ಗುಟ್ಟಿನ ಕೀ) ಮಾಡಿ, ಮ್ಯಾಚ್-ಕ್ಲೈಂಟ್ಸ್‌ನಲ್ಲಿ ಅದರ ಕೀ ಸೇರಿಸಿ, ಇನ್ನೊಂದರ ಕೀಯನ್ನು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಹೊರಗಿಡಬೇಕು. ನಾನು ಟ್ರಾನ್ಸ್‌ಫರ್‌ಗೆ ಕೀ ಹಾಕಿದ್ದೇನೆ, ಒಂದೇ.

ಈ ಕೀಗೂ ಕರೆಂಟಿಗೂ ಸಂಬಂಧ ಇದೆ ಅಂದರೆ ನಂಬುತ್ತೀರಾ? ಟಿಸಿಗ್ ಎರಡೂ ಕಡೆಯ ಗಡಿಯಾರ ನೋಡುತ್ತೆ. ಸಾಮಾನ್ಯವಾಗಿ 300 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ‘ಬ್ಯಾಡ್‌ಟೈಮ್’ ಅಂತ ತಳ್ಳಿಬಿಡುತ್ತೆ. ಕಾರಟಗಿಯ ಹಳೆ ಕಂಪ್ಯೂಟರ್‌ನಲ್ಲಿ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲಾ ಅದು ಹಳೆಯ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತಿತ್ತು, ಝೋನ್ ಬರುತ್ತಿರಲಿಲ್ಲ. ಬ್ಯಾಟರಿ ಬದಲಿಸಿ, ನೆಟ್‌ವರ್ಕ್‌ನಿಂದ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಹಾಕಿದೆ. ಜೊತೆಗೆ ಎಸ್‌ಒಎಯಲ್ಲಿ ಎಕ್ಸ್‌ಪೈರ್ ಅವಧಿಯನ್ನು 1209600 ಸೆಕೆಂಡ್, ಅಂದರೆ ಎರಡು ವಾರ ಇಟ್ಟೆ. ಅಷ್ಟು ದಿನ ಲೈನ್ ಬಂದಾಗಿದ್ದರೂ ಕಾರಟಗಿಗೆ ಹಳೆ ಉತ್ತರ ಸಿಗುತ್ತೆ.

ಟಿಟಿಎಲ್, ಅಂದರೆ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, 60 ಸೆಕೆಂಡ್ ಇಟ್ಟಿದ್ದೇನೆ. ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿಕೊಂಡು ಗಂಗಾವತಿಯಿಂದ ಕಾರಟಗಿಗೆ ಹೋಗುತ್ತಾರೆ. ಟಿಟಿಎಲ್ ಒಂದು ದಿನ ಇದ್ದರೆ ಅಲ್ಲಿ ಹೋದ ಮೇಲೂ ಗಂಗಾವತಿಯ ಕಾಟಾ ತೋರಿಸುತ್ತೆ. ಇಷ್ಟು ಸಣ್ಣ ಜಾಗದಲ್ಲಿ ನಿಮಿಷಕ್ಕೊಮ್ಮೆ ಕೇಳಿದರೂ ಸರ್ವರ್‌ಗೆ ಭಾರ ಆಗಲ್ಲ.

ಈಚೆಗೆ ಸಿಂಧನೂರಿನಲ್ಲಿ ಒಂದು ಗೋದಾಮು ತೆಗೆದಿದ್ದಾರೆ. ನಾಲ್ಕನೇ ವ್ಯೂ ಹಾಕ್ತೀರಾ ಅಂತ ಹುಡುಗರು ಕೇಳಿದರು. ಅಲ್ಲಿ ಕಾಟಾ ಇಲ್ಲ, ಲೆಕ್ಕದ ಸಾಫ್ಟ್‌ವೇರ್ ಒಂದೇ ಬೇಕು. 10.8.30.0/24 ಅನ್ನು ಆಫೀಸ್ ವ್ಯೂನ ಪಟ್ಟಿಗೆ ಸೇರಿಸಿ, ಅಲ್ಲಿನ ರೂಟರ್‌ನಲ್ಲಿ ಸುರಂಗದ ಮೇಲೆ ಮಾಸ್ಕರೇಡ್ ಇಲ್ಲ ಅಂತ ಮೊದಲೇ ನೋಡಿಕೊಂಡು, ಚೆಕ್‌ಕಾನ್ಫ್ ಓಡಿಸಿ ರೀಲೋಡ್ ಮಾಡಿದೆ.